ಹರಿಗೋಲಿಗೂ ಒಂದು ನಂಬರ್ ಬೇಕು

"ಇದರಲ್ಲಿ ಎಷ್ಟು ಜನ ಕೂರಬಹುದು?" ಅಂತ ಕೇಳಿದೆ.

ಫೈಬರ್ ದೋಣಿ ಮಾಡುವವರು ಕೈಗೆ ಮೆತ್ತಿದ್ದ ರೆಸಿನ್ ಅಂಟನ್ನು ಹಳೇ ಬನಿಯನ್ನಿಗೆ ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದರು. "ನಿಮಗೆ ಎಷ್ಟು ಜನ ಕೂರಬೇಕ್ರೀ?"

ತಮಾಷೆಗೆ ಅಂದಿದ್ದಲ್ಲ. ಗಿರಾಕಿ ನಾಲ್ಕು ಅಂದರೆ ನಾಲ್ಕು, ಆರು ಅಂದರೆ ಆರು. ಪಕ್ಕದಲ್ಲಿ ನಿಂತಿದ್ದ ನನ್ನ ಚಿಕ್ಕಪ್ಪನ ಮಗನಿಗೆ ಇದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ನನಗೆ ಮಾತ್ರ ಆ ಮಾತು ಇವತ್ತಿಗೂ ತಲೆಯಲ್ಲಿ ಕೂತಿದೆ.

ನಮ್ಮದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ದಂಡೆಯ ಮನೆತನ. ಅಜ್ಜ ಅಲ್ಲೇ ಹರಿಗೋಲು, ಅಂದರೆ ಬುಟ್ಟಿಯಂಥ ದುಂಡು ದೋಣಿ, ಹಾಕಿ ಮೀನು ಹಿಡಿದವರು. ಅಪ್ಪ ಬಲೆ ಬಿಟ್ಟು ದಾವಣಗೆರೆಗೆ ಬಂದು ಹತ್ತಿ ಗಿರಣಿ ಸೇರಿದರು. ಚಿಕ್ಕಪ್ಪ ಕೆರೆ ಬಿಡಲಿಲ್ಲ. ನಾನು ಇನ್ನೂ ದೂರ ಹೋದೆ. ಹದಿನಾಲ್ಕು ವರ್ಷದಿಂದ ಅಮೆರಿಕದ ಮಿನೆಸೋಟದಲ್ಲಿದ್ದೇನೆ. ಅಲ್ಲಿ ಗಾಡಿಗಳ ನಂಬರ್ ಪ್ಲೇಟಿನ ಮೇಲೇ '10,000 ಕೆರೆಗಳು' ಅಂತ ಬರೆದಿರುತ್ತದೆ. 10 ಎಕರೆಗಿಂತ ದೊಡ್ಡವನ್ನು ಮಾತ್ರ ಎಣಿಸಿದರೂ ಲೆಕ್ಕಕ್ಕೆ 11,842 ಸಿಗುತ್ತವೆ. ಕೆರೆ ಬಿಟ್ಟು ಬಂದ ಮನೆಯವನು ಹೋಗಿ ಹೋಗಿ ಕೆರೆಗಳ ನಡುವೆಯೇ ಬಿದ್ದೆ ಅನ್ನಿ.

ಈ ಸಲ ರಜೆಗೆ ಬಂದಾಗ ಚಿಕ್ಕಪ್ಪನ ಮಗ, ನನ್ನ ತಮ್ಮ, ಹೊಸ ದೋಣಿ ತಗೋಬೇಕು ಅಂದ. ಅರ್ಧ ದುಡ್ಡು ನಾನು ಹಾಕ್ತೀನಿ ಅಂದೆ. ದುಡ್ಡು ಹಾಕುವವನು ಬುದ್ಧಿಯನ್ನೂ ಹೇಳುತ್ತಾನೆ, ಅಲ್ವಾ? ಜಗಳ ಅಲ್ಲಿಂದ ಶುರು.

ಮನೆಯಲ್ಲಿ ಮೂರು ಜನಕ್ಕೆ ಮೂರು ದೋಣಿ. ತಮ್ಮನಿಗೆ ಮೂತಿ ಚೂಪಾಗಿರುವ, ಹಿಂದೆ ಇಂಜಿನ್ ಕೂರಿಸುವ ಫೈಬರ್ ದೋಣಿ ಬೇಕು. ಮಲ್ಪೆ ಕಡೆಯ ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ. ಚಿಕ್ಕಪ್ಪನಿಗೆ ಬಿದಿರಿನ ಹರಿಗೋಲೇ ಬೇಕು, ಬೇರೆ ಮಾತಿಲ್ಲ. ನನ್ನ ತಲೆಯಲ್ಲಿದ್ದದ್ದು ಅಲ್ಯೂಮಿನಿಯಂ ದೋಣಿ. 12 ಅಡಿ ಉದ್ದ, ತಳ ಹಲಗೆಯ ಹಾಗೆ ಚಪ್ಪಟೆ, ತೂಕ ಐವತ್ತು ಕೆಜಿ ಆಸುಪಾಸು, ಇಬ್ಬರು ಎತ್ತಿ ಗಾಡಿ ಮೇಲೆ ಹಾಕಬಹುದು. ಮಿನೆಸೋಟದಲ್ಲಿ ಇಂಥವು ಮನೆಮನೆಯ ಹಿತ್ತಿಲಲ್ಲಿ ಬೋರಲು ಬಿದ್ದಿರುತ್ತವೆ.

ಅಲ್ಲಿ ನಾನೂ ಒಂದು ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. ಕೊಳ್ಳುವಾಗ ಪಕ್ಕದ ಮನೆಯ ಅಜ್ಜ ಜೊತೆಗೆ ಬಂದಿದ್ದ. ಮಾರುವವನ ಅಂಗಳದಲ್ಲಿದ್ದ ನೀರಿನ ಪೈಪನ್ನು ಅವನೇ ಎಳೆದು ತಂದು ದೋಣಿಯೊಳಗೆ ಬಿಟ್ಟ. ನನಗೆ ಅರ್ಥ ಆಗಲಿಲ್ಲ. ದೋಣಿ ನೀರಿನ ಮೇಲೆ ಇರಬೇಕು, ನೀರೇ ದೋಣಿಯೊಳಗೆ ಯಾಕೆ? ಆಮೇಲೆ ಬಗ್ಗಿ ತಳ ತೋರಿಸಿದ. ಎರಡು ರಿವೆಟ್ ಹತ್ತಿರ ಹನಿ ಕಟ್ಟಿತ್ತು. ಒಳಗಿಂದ ಹೊರಗೆ ಸೋರುವ ಜಾಗದಲ್ಲೇ ನಾಳೆ ಹೊರಗಿಂದ ಒಳಗೂ ಸೋರುತ್ತದೆ. ದೋಣಿ ಕೆರೆಗೆ ಇಳಿಯುವ ಮೊದಲೇ ಗುಟ್ಟು ಬಯಲಾಯಿತು. ಇಂಜಿನ್ ಕೂರುವ ಹಿಂದಿನ ಹಲಗೆಯನ್ನು ಗೆಣ್ಣಿನಿಂದ ತಟ್ಟಿ ನೋಡಿದ. ಗಟ್ಟಿ ಮರ ಟಕ್ ಅನ್ನುತ್ತದೆ, ಕೊಳೆತದ್ದು ಮೆತ್ತಗೆ ಗುಂಯ್ ಅನ್ನುತ್ತದೆ. ನಮ್ಮಲ್ಲಿ ಹಲಸಿನಹಣ್ಣು ನೋಡುವ ಹಾಗೆ.

ಕೊನೆಗೆ ಅವನು ತೋರಿಸಿದ್ದು ಹಿಂಬದಿಯ ಒಳಗೆ ಅಂಟಿಸಿದ್ದ ಅಂಗೈ ಅಗಲದ ಒಂದು ಪಟ್ಟಿ. ಅದರ ಮೇಲೆ ಮೂರು ಲೆಕ್ಕ: ಎಷ್ಟು ಜನ, ಒಟ್ಟು ಎಷ್ಟು ತೂಕ, ಎಷ್ಟು ಹಾರ್ಸ್‌ಪವರ್ ಇಂಜಿನ್. 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಿಗೆ ಅಲ್ಲಿ 1972ರಿಂದ ಈ ಪಟ್ಟಿ ಕಡ್ಡಾಯ. ಪಟ್ಟಿ ಇಲ್ಲದ ದೋಣಿಗೆ ಅಂತಲೇ ಒಂದು ಬಾಯಿಲೆಕ್ಕ ಇದೆ. ಉದ್ದವನ್ನು ಅಗಲದಿಂದ ಗುಣಿಸಿ, ಎರಡೂ ಅಡಿಯಲ್ಲಿ, 15ರಿಂದ ಭಾಗಿಸಿ. 12 ಅಡಿ ಉದ್ದ, 4 ಅಡಿ ಅಗಲ ಇದ್ದರೆ ಮೂರು ಜನ. ಅದೂ ಗಾಳಿ ಇಲ್ಲದ ದಿನ.

ಇಷ್ಟೆಲ್ಲ ಪಾಠ ಕಲಿತು ಬಂದವನು ಸೂಳೆಕೆರೆ ಏರಿ ಮೇಲೆ ನಿಂತು ಚಿಕ್ಕಪ್ಪನಿಗೆ ಭಾಷಣ ಮಾಡಿದೆ. ಅವರು ಬೀಡಿ ಮುಗಿಯುವ ತನಕ ಕೇಳಿದರು. ಆಮೇಲೆ, "ಎಲ್ಲಾ ಸರಿ ಕಣಪ್ಪಾ. ನೀನು ತುಂಬಿದ ಕೆರೆ ನೋಡಿ ಮಾತಾಡ್ತಿದೀಯ. ದೋಣಿ ತಗಳೋನು ಬ್ಯಾಸಿಗೆ ಕೆರೆ ನೋಡಿ ತಗೋಬೇಕು" ಅಂದರು.

ಬಾಯಿ ಮುಚ್ಚಿಕೊಂಡೆ. ಸೂಳೆಕೆರೆ ತುಂಬಿದಾಗ ಸುಮಾರು ಆರೂವರೆ ಸಾವಿರ ಎಕರೆ ನೀರು. ಸಿದ್ದನಾಲೆ, ಬಸವನಾಲೆಗಳಲ್ಲಿ ಗದ್ದೆ ತೋಟಕ್ಕೆ ಹರಿದು, ಚಿತ್ರದುರ್ಗದ ನಲ್ಲಿಗಳಿಗೂ ಹೋಗಿ, ಬೇಸಿಗೆ ಹೊತ್ತಿಗೆ ನೀರು ದೂರ ದೂರ ಸರಿದಿರುತ್ತದೆ. ನಡುವೆ ಮೊಣಕಾಲುದ್ದ ಕೆಸರು. ಹಿರಿಯೂರಿನ ವಾಣಿವಿಲಾಸ ಸಾಗರದ ಕಥೆ ಇನ್ನೂ ದೊಡ್ಡದು. 1933ರಲ್ಲಿ ಕೋಡಿ ಬಿದ್ದ ಮೇಲೆ ಇನ್ನೊಮ್ಮೆ ಕೋಡಿ ಬೀಳಲು 2022 ಬರಬೇಕಾಯಿತು. ಆ ವರ್ಷದ ನೀರು ನೋಡಿ ಆಳದ ದೋಣಿ ಕೊಂಡವನ ಪಾಡು ಬರಗಾಲದಲ್ಲಿ ಏನಾಗಬೇಡ? ಮಿನೆಸೋಟದ ನನ್ನ ಕೆರೆ ವರ್ಷಪೂರ್ತಿ ಹೆಚ್ಚುಕಡಿಮೆ ಒಂದೇ ಮಟ್ಟ. ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಅಷ್ಟೇ. ಅಲ್ಲಿ ಕಾರಿನ ಹಿಂದೆ ಟ್ರೈಲರ್ ಕಟ್ಟಿ, ಸಿಮೆಂಟ್ ಇಳಿಜಾರಿನಲ್ಲಿ ಸರ್ರಂತ ಇಳಿಸುತ್ತೇವೆ. ಇಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಒಬ್ಬನೇ ಹರಿಗೋಲನ್ನು ಬೆನ್ನಿಗೆ ಕವುಚಿಕೊಂಡು, ಆಮೆಯ ಹಾಗೆ, ಕೆಸರು ದಾಟಿ ಹೋಗಬೇಕು. ನನ್ನ 12 ಅಡಿ ಅಲ್ಯೂಮಿನಿಯಂ ಅಲ್ಲಿ ಸೋತಿತು.

ಬಲೆ ವಿಷಯದಲ್ಲೂ ಸೋತಿತು. ಒಂದು ಬೆಳಿಗ್ಗೆ ತಮ್ಮನ ಜೊತೆ ಹೋಗಿದ್ದೆ. ರಾತ್ರಿ ಬಿಟ್ಟ ಬಲೆಯನ್ನು ಅವನು ಎಳೆಯುತ್ತಿದ್ದ ಅನ್ನುವುದಕ್ಕಿಂತ, ಬಲೆ ಹಿಡಿದುಕೊಂಡು ಹರಿಗೋಲನ್ನೇ ಅದರ ಉದ್ದಕ್ಕೆ ಜರುಗಿಸುತ್ತಿದ್ದ. ಹರಿಗೋಲಿಗೆ ಹಿಂದು ಮುಂದು ಇಲ್ಲ, ಎತ್ತ ಬೇಕಾದರೂ ತಿರುಗುತ್ತದೆ. ಒಂದು ಕಾಟ್ಲಾ, ನಾಲ್ಕು ರೋಹು, ಬಾಕಿ ಎಲ್ಲ ಜಿಲೇಬಿ ಮೀನು. ಬಿಡಿಸಿದ ಬಲೆ ಸುರುಳಿಯಾಗಿ ಕಾಲ ಬಳಿ ಬೀಳುತ್ತಿತ್ತು. ಸಿಕ್ಕಿಕೊಳ್ಳಲು ಅಲ್ಲಿ ಮೊಳೆಯಿಲ್ಲ, ಬೋಲ್ಟಿಲ್ಲ, ಕೊಂಡಿಯಿಲ್ಲ. ನನ್ನ ದೋಣಿಯಲ್ಲಿ ಇದೇ ಬಲೆ ಬಿಟ್ಟಿದ್ದರೆ ಅರ್ಧ ಗಂಟೆ ಬರೀ ಬಿಡಿಸುವ ಕೆಲಸ. ಅದು ಗಾಳ ಹಾಕಿ ಕಾಫಿ ಕುಡಿಯುತ್ತಾ ಕೂರುವವರಿಗೆ ಮಾಡಿದ ದೋಣಿ. ಭಾನುವಾರದ ದೋಣಿ. ಇವನದು ದಿನಗೂಲಿ.

ಇಂಜಿನ್ ಆಸೆಯನ್ನು ತಮ್ಮ ತಾನೇ ಕೈಬಿಟ್ಟ. ಬಲೆ ಇರುವ ಜಾಗಕ್ಕೆ ಹುಟ್ಟು ಹಾಕಿದರೆ ಅರ್ಧ ತಾಸು. ಅಷ್ಟಕ್ಕೆ ದಿನಾ ಪೆಟ್ರೋಲ್ ಸುಟ್ಟರೆ ಮೀನಿನ ದುಡ್ಡು ಬಂಕಿಗೇ ಹೋಗುತ್ತದೆ.

ಉಳಿದದ್ದು ಬಿದಿರೋ ಫೈಬರೋ ಅನ್ನುವ ಪ್ರಶ್ನೆ. ನನ್ನ ಪ್ರಕಾರ ನಿಜವಾದ ವಿಷಯ ಇರುವುದು ಇಲ್ಲೇ, ಮತ್ತು ಇದನ್ನು ಜಾಸ್ತಿ ಜನ ಮಾತಾಡುವುದಿಲ್ಲ.

ಬಿದಿರಿನ ಹರಿಗೋಲಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿಯುತ್ತಾರೆ. ಹಗುರ, ಅಗ್ಗ, ತೂತು ಬಿದ್ದರೆ ದಂಡೆ ಮೇಲೇ ಟಾರು ಕಾಸಿ ತೇಪೆ ಹಾಕಬಹುದು. ಆದರೆ ಹೆಣೆಯುವವರು ಕಡಿಮೆಯಾಗಿದ್ದಾರೆ, ಬಿದಿರು ಬಾಳುವುದೂ ಕಡಿಮೆ. ಫೈಬರ್ ಹರಿಗೋಲು ವರ್ಷಗಟ್ಟಲೆ ಬರುತ್ತದೆ. ಒಡೆದರೆ ಗಾಜಿನ ನಾರಿನ ಮ್ಯಾಟ್, ರೆಸಿನ್ ಹಚ್ಚಿ ಕೊಡುವವರು ದಾವಣಗೆರೆಯಲ್ಲೇ ಸಿಗುತ್ತಾರೆ. ಅಲ್ಯೂಮಿನಿಯಂ ವೆಲ್ಡಿಂಗಿಗೆ ಅಂಥ ಜನ ಎಲ್ಲಿಂದ ತರೋಣ? ಹಾಗಾಗಿ ಫೈಬರ್ ಅಂತ ತೀರ್ಮಾನ ಆಯಿತು. ಆಕಾರ ಚಿಕ್ಕಪ್ಪನದು, ಸಾಮಾನು ತಮ್ಮನದು. ನನ್ನ ಪಾಲಿಗೆ ಬಂದದ್ದು ಪರೀಕ್ಷೆ ಮಾಡುವ ಕೆಲಸ.

ಬಣ್ಣ ಹಚ್ಚದ ಒಂದು ಹರಿಗೋಲನ್ನು ಬಿಸಿಲಿಗೆ ಎತ್ತಿ ಹಿಡಿಸಿ ಒಳಗಿಂದ ನೋಡಿದೆ. ಮ್ಯಾಟ್ ದಪ್ಪ ಇರುವ ಕಡೆ ಬೆಳಕು ಮಂಕು, ತೆಳು ಇರುವ ಕಡೆ ಹಳದಿಯಾಗಿ ಹೊಳೆಯುತ್ತದೆ. ತಳ ತಿರುಗಿ ಅಂಚು ಶುರುವಾಗುವ ಬಾಗಿನಲ್ಲಿ ಒಂದು ಕಡೆ ಎರಡು ಬೆರಳಗಲ ಹೊಳೆಯುತ್ತಿತ್ತು. ನೆಲಕ್ಕೆ ಉಜ್ಜುವುದೇ ಆ ಜಾಗ. ಐದು ರೂಪಾಯಿ ನಾಣ್ಯದಿಂದ ಸುತ್ತ ತಟ್ಟಿದೆ. ಚೆನ್ನಾಗಿ ಕೂತ ಕಡೆ ಚುರುಕು ಸದ್ದು, ಪದರದ ನಡುವೆ ಗಾಳಿ ಸಿಕ್ಕಿದ ಕಡೆ ಟೊಳ್ಳು ಸದ್ದು. ಅವರು ಬೇಜಾರು ಮಾಡಿಕೊಳ್ಳದೆ ಆ ಬಾಗಿಗೆ ಇನ್ನೊಂದು ಪದರ ಹಾಕಿಕೊಟ್ಟರು. ಒಳ್ಳೆ ಮನುಷ್ಯ. ಎಷ್ಟು ಜನ ಅಂತ ಹೇಳಲು ಮಾತ್ರ ಅವರಿಂದ ಆಗಲಿಲ್ಲ.

ಅವತ್ತು ರಾತ್ರಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಚಿಕ್ಕಪ್ಪನಿಗೆ ಒಂದು ಪ್ರಶ್ನೆ ಹಾಕಿದೆ. ಬಿದಿರಿನ ಹರಿಗೋಲು ಮಗುಚಿದರೆ ಏನು ಮಾಡ್ತಿದ್ರಿ? "ಏನ್ ಮಾಡೋದು, ಅದನ್ನೇ ಹಿಡ್ಕಂಡು ತೇಲದು. ಬಿದಿರು ಮುಳುಗತೈತಾ?" ಅಂದರು.

ಅದೇ ವಿಷಯ. ಬಿದಿರು ನೀರಿಗಿಂತ ಹಗುರ. ನೀರು ತುಂಬಿದರೂ ಅಂಚು ಮಟ್ಟದಲ್ಲಿ ತೇಲುತ್ತಿರುತ್ತದೆ. ಫೈಬರ್ ನೀರಿಗಿಂತ ಭಾರ, ಸುಮಾರು ಒಂದೂವರೆ ಪಟ್ಟು. ಒಳಗೆ ಗಾಳಿ ಇರುವ ತನಕ ದೋಣಿ, ನೀರು ತುಂಬಿತು ಅಂದರೆ ಕಲ್ಲು. ಬಿದಿರಿನಿಂದ ಫೈಬರಿಗೆ ಬಂದಾಗ ಬಾಳಿಕೆ ಸಿಕ್ಕಿತು. ಮಗುಚಿದರೂ ಹಿಡಿದುಕೊಳ್ಳಲು ಏನೋ ಒಂದು ಇರುತ್ತದೆ ಅನ್ನುವ ಧೈರ್ಯ ಸುಮ್ನೆ ಹೊರಟುಹೋಯಿತು. ಅಜ್ಜನ ಕಾಲದ ಈಜು, ಅಜ್ಜನ ಕಾಲದ ಲೆಕ್ಕಾಚಾರ ಇಟ್ಟುಕೊಂಡು ಹೊಸ ಸಾಮಾನಿನ ಮೇಲೆ ಕೂತಿದ್ದೇವೆ.

ಅಲ್ಯೂಮಿನಿಯಂ ಕೂಡ ಮುಳುಗುವ ಲೋಹವೇ. ಅದಕ್ಕೇ ಅಮೆರಿಕದಲ್ಲಿ ಸಣ್ಣ ಮೋಟಾರು ದೋಣಿಗಳು ಮುಳುಗಬಾರದು ಅನ್ನುವ ಕಾನೂನಿದೆ, ಸೀಟಿನ ಕೆಳಗೆ ಥರ್ಮೋಕೋಲಿನಂಥ ಫೋಮ್ ತುಂಬಿರುತ್ತಾರೆ. ನೀರು ತುಂಬಿದರೂ ದೋಣಿ ತಳ ಸೇರುವುದಿಲ್ಲ. ಅಲ್ಲಿನ ಎಲ್ಲವನ್ನೂ ನಾನು ಹೊಗಳುವುದಿಲ್ಲ. ಒಂದು ಮೀನು ಹಿಡಿಯಲು ಟಿವಿಯಷ್ಟು ದೊಡ್ಡ ಪರದೆ ಇಟ್ಟುಕೊಂಡು ನೀರಿನಡಿ ಹುಡುಕುತ್ತಾರೆ, ದೋಣಿಯೋ ವರ್ಷದಲ್ಲಿ ಏಳು ತಿಂಗಳು ಶೆಡ್ಡಿನಲ್ಲಿ ಮಲಗಿರುತ್ತದೆ. ಆದರೆ ಅಲ್ಲಿ ಹೋದ ಹೊಸದರಲ್ಲಿ ನನಗೆ ಕಿರಿಕಿರಿ ಅನ್ನಿಸಿದ್ದ ನಿಯಮಗಳೆಲ್ಲ ಈಗ ಬೇರೆ ಥರ ಕಾಣುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಲೈಫ್ ಜಾಕೆಟ್ ದೋಣಿಯಲ್ಲಿ ಇರಲೇಬೇಕು. ಹತ್ತು ವರ್ಷದೊಳಗಿನ ಮಕ್ಕಳು ಹಾಕಿಕೊಂಡೇ ಇರಬೇಕು. ದೋಣಿಯನ್ನು ರಸ್ತೆ ಮೇಲೆ ಒಯ್ಯುವಾಗ ತಳದ ಬೂಚು ತೆಗೆದಿರಬೇಕು, ಒಂದು ಕೆರೆಯ ಪೀಡೆ ಇನ್ನೊಂದು ಕೆರೆಗೆ ಹೋಗಬಾರದು ಅಂತ.

ಲೈಫ್ ಜಾಕೆಟ್ ಮಾತೆತ್ತಿದರೆ ತಮ್ಮ ನಕ್ಕ. "ಅಣ್ಣಾ, ಅದನ್ನ ಹಾಕ್ಕಂಡು ಬಲೆ ಎಳೆಯಕ್ಕಾಗಲ್ಲ. ಊರೋರು ಬೇರೆ ಆಡ್ಕತಾರೆ." ಎರಡನೇ ಕಾರಣವೇ ಮೊದಲನೆಯದು ಅಂತ ನನ್ನ ಗುಮಾನಿ. ಹಾಗಂತ ಅವನ ಮಾತು ಪೂರ್ತಿ ಸುಳ್ಳೂ ಅಲ್ಲ. ಏಪ್ರಿಲ್ ಬಿಸಿಲಿನಲ್ಲಿ ಅದನ್ನು ತೊಟ್ಟು ನಾನೇ ಹತ್ತು ನಿಮಿಷ ಕೂರಲಾರೆ.

ಅದಕ್ಕೆ ಇನ್ನೊಂದು ದಾರಿ ಹಿಡಿದೆ. ಅಡುಗೆ ಎಣ್ಣೆ ಬರುವ 20 ಲೀಟರಿನ ಖಾಲಿ ಕ್ಯಾನ್ ಎರಡು ತಂದೆ. ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ವಾಷರ್ ಹಾಕಿ ಬಿಗಿ ಮಾಡಿ, ಹರಿಗೋಲಿನ ಒಳ ಅಂಚಿಗೆ ಎದುರುಬದುರಾಗಿ ನೈಲಾನ್ ಹಗ್ಗದಿಂದ ಕಟ್ಟಿದೆ. ಒಂದೊಂದು ಕ್ಯಾನ್ ನೀರಿನಲ್ಲಿ ಸುಮಾರು 20 ಕೆಜಿ ಎತ್ತಿ ಹಿಡಿಯುತ್ತದೆ. 50 ಕೆಜಿಯ ಫೈಬರ್ ನೀರಿನೊಳಗೆ ಹದಿನೇಳು ಕೆಜಿಯಷ್ಟೇ ತೂಗುತ್ತದೆ. ಇಬ್ಬರು ಹಿಡಿದುಕೊಂಡು ತೇಲಲು ಎರಡು ಕ್ಯಾನ್ ಧಾರಾಳ ಸಾಕು. ದಂಡೆ ಹತ್ತಿರ ಎದೆಮಟ್ಟದ ನೀರಿನಲ್ಲಿ ಮಗುಚಿ ನೋಡಿದೆವು. ಕ್ಯಾನ್ ಇಲ್ಲದೆ ಒಮ್ಮೆ, ಕಟ್ಟಿ ಒಮ್ಮೆ. ಮೊದಲ ಸಲ ಹರಿಗೋಲು ಗುಳುಗುಳು ಅಂತ ಕಾಲಡಿಗೆ ಹೋಗಿ ಕೂತಾಗ ಚಿಕ್ಕಪ್ಪನ ಮುಖ ನೋಡಬೇಕಿತ್ತು. ಐವತ್ತು ವರ್ಷ ಕೆರೆಯಲ್ಲಿದ್ದವರು ಹರಿಗೋಲು ಮುಳುಗಿದ್ದನ್ನು ಅವತ್ತೇ ನೋಡಿದ್ದು.

ನನ್ನ ತಕರಾರು ದೋಣಿ ಮಾಡುವವರ ಮೇಲಲ್ಲ. ಕೇಳಿದ್ದನ್ನು ಅವರು ಮಾಡಿಕೊಡುತ್ತಾರೆ. ಈಗ ದೋಣಿ, ಬಲೆಗೆ ಸರ್ಕಾರದ ದುಡ್ಡು ಬರುತ್ತಿದೆ. 2020ರಲ್ಲಿ ಶುರುವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ 40%, ಪರಿಶಿಷ್ಟರಿಗೂ ಮಹಿಳೆಯರಿಗೂ 60% ಸಹಾಯಧನ ಇಟ್ಟಿದ್ದಾರೆ. ಅರ್ಧ ದುಡ್ಡು ಕೊಡುವವರು ನನ್ನ ಹಾಗೆ ಒಂದು ಮಾತು ಹೇಳಬಹುದಲ್ಲ? ಎಷ್ಟು ಜನ ಅಂತ ಒಳ ಅಂಚಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರಬೇಕು, ಮುಳುಗದ ಹಾಗೆ ಒಳಗೆ ಫೋಮ್ ಇರಬೇಕು. ಇಷ್ಟಕ್ಕೆ ಅಮೆರಿಕದ ಕಾನೂನು ಪುಸ್ತಕ ಬೇಡ, ಒಂದು ಡಬ್ಬಿ ಬಣ್ಣ ಸಾಕು. ಮೀನಿಗೆ ಹೋಗುವಾಗ ಇಬ್ಬರೇ ಇರುತ್ತಾರೆ, ತೊಂದರೆ ಇಲ್ಲ. ಹಬ್ಬಕ್ಕೆ ನೆಂಟರು ಬಂದಾಗ, ಕೆರೆ ನೋಡೋಣ ಅಂತ ಮಕ್ಕಳು ಹಟ ಹಿಡಿದಾಗ, "ಇನ್ನೊಬ್ಬರು ಹತ್ರಿ, ಏನಾಗಲ್ಲ" ಅನ್ನುವ ಹೊತ್ತಿಗೆ ಆ ನಂಬರ್ ಬೇಕು. ಬೇಡ ಅಂತ ನೆಂಟರಿಗೆ ಬಾಯಿಬಿಟ್ಟು ಹೇಳುವ ಕಷ್ಟ ತಪ್ಪುತ್ತದೆ. ತೋರಿಸಿದರೆ ಆಯಿತು.

ನಮ್ಮ ಹರಿಗೋಲಿಗೆ ನಾವೇ ಬರೆದೆವು. ನಾನು 3 ಅಂದೆ, ಚಿಕ್ಕಪ್ಪ 4 ಅಂದರು. ಮೂರು ಜನ ಕೂತು ನೋಡಿದರೆ ನೀರಿಗೂ ಅಂಚಿಗೂ ಒಂದು ಗೇಣು ಉಳಿಯಿತು. ನಾಲ್ಕನೆಯವನಾಗಿ ಪಕ್ಕದ ಮನೆಯ ಹುಡುಗ ಹತ್ತಿದ ಮೇಲೆ ನಾಲ್ಕು ಬೆರಳು. ಯಾರೂ ಮಾತಾಡಲಿಲ್ಲ. ತಮ್ಮ ಕೆಂಪು ಬಣ್ಣದಲ್ಲಿ 3 ಅಂತ ಬರೆದ.

ವಾಪಸ್ ಬಂದು ಎರಡು ತಿಂಗಳಾಯಿತು. ಮೊನ್ನೆ ತಮ್ಮ ವಿಡಿಯೋ ಕಾಲ್ ಮಾಡಿ ಕೆರೆ ತೋರಿಸಿದ. ಮಳೆ ಚೆನ್ನಾಗಿ ಆಗಿ ನೀರು ಏರುತ್ತಿದೆಯಂತೆ. ಹರಿಗೋಲೊಳಗೆ ಒಂದೇ ಕ್ಯಾನ್ ಕಾಣಿಸಿತು. ಇನ್ನೊಂದೆಲ್ಲೋ ಅಂದೆ. ಮೊದಲು ಮಾತು ಮರೆಸಲು ನೋಡಿದ. ಆಮೇಲೆ ಕಾಲಡಿಯಿಂದ ಎತ್ತಿ ತೋರಿಸಿದ. ನಡುವಿಗೆ ಕತ್ತರಿಸಿ, ನೀರು ಮೊಗೆದು ಚೆಲ್ಲುವ ಡಬ್ಬಿ ಮಾಡಿಕೊಂಡಿದ್ದಾನೆ.