ಮಂಡಿ ಊರಿ ನೋಡೋ ಕಾರು

ಹಳೇ ಸ್ಪೋರ್ಟ್ಸ್ ಕಾರು ನೋಡೋಕೆ ಹೋಗೋರಲ್ಲಿ ಮುಕ್ಕಾಲು ಪಾಲು ಜನ ಗೇಟು ದಾಟೋದ್ರೊಳಗೇ ಮನಸ್ಸಲ್ಲಿ ಅದನ್ನ ಕೊಂಡುಬಿಟ್ಟಿರ್ತಾರೆ, ಆಮೇಲೆ ಬಾನೆಟ್ ಎತ್ತಿ ತಲೆ ಆಡಿಸೋದು, ಟೈರಿಗೆ ಒದೆಯೋದು ಇದೆಲ್ಲ ಮನೆಗೆ ಹೋಗಿ ಹೇಳೋಕೆ ನಾಲ್ಕು ಕಾರಣ ಹುಡುಕೋ ಕೆಲಸ ಅಷ್ಟೇ. ಇಂಗ್ಲೆಂಡಲ್ಲಿ ಇದ್ದು ಇದ್ದು ನನಗೂ ಒಂದು ಚಟ ಹತ್ತಿದೆ. ಕೊಳ್ಳೋ ಚಟ ಅಲ್ಲ ಸದ್ಯ, ಕೊಳ್ಳೋರ ಜೊತೆ ಹೋಗೋ ಚಟ. ಇಲ್ಲಿನ ನಮ್ಮ ಕನ್ನಡದ ಗೆಳೆಯರಲ್ಲಿ ಯಾರಿಗಾದ್ರೂ ವಯಸ್ಸು ಐವತ್ತರ ಹತ್ರ ಬಂತು, ಮಕ್ಕಳು ಯೂನಿವರ್ಸಿಟಿಗೆ ಹೋದ್ರು, ಮಾರ್ಗೇಜು ತೀರ್ತಾ ಬಂತು ಅಂದ್ರೆ ಮುಗೀತು, ಅವರ ಬಾಯಲ್ಲಿ ಬರೋ ಮುಂದಿನ ಮಾತು ಎಂಜಿಬಿ.

ಎಂಜಿಬಿ ಅನ್ನೋ ಈ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರೇ ಯಾಕೆ ಅಂದ್ರೆ ಅದು ಎಲ್ಲ ಕಡೆ ಇದೆ, ಅದಕ್ಕೆ. ಆಕ್ಸ್‌ಫರ್ಡ್ ಹತ್ರ ಆಬಿಂಗ್ಡನ್ ಅಂತ ಊರು, ಅಲ್ಲಿ 1962ರಿಂದ 1980ರ ಅಕ್ಟೋಬರ್ ತನಕ 5 ಲಕ್ಷಕ್ಕೂ ಹೆಚ್ಚು ಮಾಡಿ ಬಿಟ್ಟರು, ಅದರಲ್ಲಿ ಬಹಳಷ್ಟು ಅಮೆರಿಕಕ್ಕೆ ಹೋಯ್ತು. ಇಬ್ಬರು ಕೂರೋ ಓಪನ್ ಕಾರು, 1798 ಸಿಸಿ ಎಂಜಿನ್ನು, ಎಸ್‌ಯು ಕಂಪನಿಯ ಎರಡು ಕಾರ್ಬೊರೇಟರು. 1965ರಲ್ಲಿ ತಗಡಿನ ಟಾಪ್ ಇರೋ ಜಿಟಿ ಬಂತು, ಅದರ ಮೇಲ್ಭಾಗದ ರೂಪ ಇಟಲಿಯ ಪಿನಿನ್‌ಫರೀನಾ ಅನ್ನೋ ಡಿಸೈನ್ ಕಂಪನಿದು, ಹಿಂದೆ ಒಂದು ಸೀಟು ಅನ್ನೋ ಹೆಸರಲ್ಲಿ ಒಂದು ಹಲಗೆ ಇದೆ, ಕೂತು ಬಂದ ಮಕ್ಕಳು ಎರಡನೇ ಸಲ ಬರಲ್ಲ. ಸ್ಪೇರ್ ಪಾರ್ಟು ಮಾತ್ರ ಇವತ್ತಿಗೂ ಪೋಸ್ಟಲ್ಲಿ ಮನೆಗೆ ಬರುತ್ತೆ. 1988ರಿಂದ ಬ್ರಿಟಿಷ್ ಮೋಟರ್ ಹೆರಿಟೇಜ್ ಅನ್ನೋ ಕಂಪನಿಯೋರು ಇಡೀ ಬಾಡಿಶೆಲ್ಲನ್ನೇ, ಅಂದ್ರೆ ಕಾರಿನ ತಗಡಿನ ಮೈಯನ್ನೇ, ಹೊಸದಾಗಿ ಮಾಡಿ ಮಾರೋಕೆ ಶುರುಮಾಡಿದ್ರು, ಅಂದ್ರೆ ದುಡ್ಡಿದ್ರೆ ಕಾರಿಲ್ಲದೇನೇ ಕಾರು ಕಟ್ಟಬಹುದು.

ಹಂಗಾಗಿ ಎಂಜಿನ್ನು ಹೋಗಿದ್ಯಾ, ಗೇರ್‌ಬಾಕ್ಸ್ ಅರಚುತ್ತಾ, ಸೀಟು ಹರಿದಿದ್ಯಾ, ಇದ್ಯಾವುದಕ್ಕೂ ಹೆದರಬೇಕಾಗಿಲ್ಲ. ಹೆದರಬೇಕಾದ್ದು ಕೆಳಗಿದೆ, ಬಾಗಿಲ ಕೆಳಗೆ, ಮಂಡಿ ಊರಿದ್ರೆ ಮಾತ್ರ ಕಾಣೋ ಜಾಗದಲ್ಲಿ. ಅದಕ್ಕೆ ಸಿಲ್ ಅಂತಾರೆ. ಈ ಕಾರಿಗೆ ಬೇರೆ ಚಾಸಿ ಅಂತ ಇಲ್ಲ, ಬಾಡಿನೇ ಚಾಸಿ, ಓಪನ್ ಕಾರಾದ್ರೆ ಮೇಲೆ ಛಾವಣಿನೂ ಇಲ್ಲ, ಹಂಗಾಗಿ ಮುಂದಿನ ಅರ್ಧನೂ ಹಿಂದಿನ ಅರ್ಧನೂ ಮಡಚಿಕೊಳ್ಳದೆ ನಿಂತಿರೋದು ಎರಡು ಪಕ್ಕದ ಈ ಸಿಲ್ಲುಗಳ ಮೇಲೆ. ಹೊರಗೊಂದು ತಗಡು, ಒಳಗೊಂದು ತಗಡು, ನಡುವೆ ಇನ್ನೊಂದು. ಮುಂದಿನ ಚಕ್ರ ಎರಚಿದ ಕೆಸರು ವಿಂಗಿನ, ಅಂದ್ರೆ ಚಕ್ರದ ಮೇಲಿನ ಮಡ್‌ಗಾರ್ಡ್ ತಗಡಿನ, ಒಳಗೆ ಹೋಗಿ ಇದರ ಬಾಯಲ್ಲಿ ಕೂರುತ್ತೆ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಬೇರೆ ಸುರೀತಾರೆ. ಉಪ್ಪು ಕಬ್ಬಿಣಕ್ಕೆ ಏನು ಮಾಡುತ್ತೆ ಅಂತ ಕಾರವಾರ ಉಡುಪಿ ಕಡೆಯೋರಿಗೆ ನಾನು ಹೇಳಬೇಕಾಗಿಲ್ಲ.

ಇದರ ಮೋಸ ಏನು ಅಂದ್ರೆ ಸರಿಯಾಗಿ ರಿಪೇರಿ ಮಾಡ್ಬೇಕಾದ್ರೆ ಮುಂದಿನ ವಿಂಗ್ ಬಿಚ್ಚಬೇಕು, ಹಿಂದಿನ ವಿಂಗಿನ ತಳ ಕತ್ತರಿಸಬೇಕು, ದಿನಗಟ್ಟಲೆ ವೆಲ್ಡಿಂಗು. ಅದು ಯಾರಿಗೆ ಬೇಕು, ತುಕ್ಕಿನ ಮೇಲೇ ಇನ್ನೊಂದು ತಗಡು ಮುಚ್ಚಿ, ಫಿಲ್ಲರ್ ಅನ್ನೋ ಪುಟ್ಟಿ ಬಳಿದು, ತಳಕ್ಕೆ ಅಂಡರ್‌ಸೀಲ್ ಅನ್ನೋ ಕಪ್ಪು ಲೇಪ ಹೊಡೆದು, ಮೇಲೆ ಕೆಂಪು ಪೇಂಟ್ ಮಿಂಚಿಸಿ ಮಾರೋರು ಇದಾರೆ. ಮುಂದಿನ ವಿಂಗು ಸಿಲ್ಲಿಗೆ ಸೇರೋ ಕಡೆ ಒಂದು ಸಣ್ಣ ಜಾಯಿಂಟ್ ಗೆರೆ ಕಾಣಬೇಕು, ಅದು ಕಾಣದೆ ಎಲ್ಲ ನುಣ್ಣಗೆ ಒಂದೇ ಸಮ ಇದ್ರೆ ಅದು ಚೆನ್ನಾಗಿರೋದಲ್ಲ, ಮುಚ್ಚಿರೋದು.

ಮ್ಯಾಗ್ನೆಟ್ ತಗಡಿಗೆ ಕಚ್ಚುತ್ತೆ, ಫಿಲ್ಲರಿಗೆ ಕಚ್ಚಲ್ಲ. ಒಂದು ಸಲ ಇಂಥ ಕಾರು ನೋಡೋಕೆ ಹೋದಾಗ ನನ್ನ ಗೆಳೆಯ ಇದಕ್ಕೆ ಅಂತ ಮನೆಯಿಂದ ಒಂದು ಫ್ರಿಜ್ ಮ್ಯಾಗ್ನೆಟ್ ತಂದಿದ್ದ, ಮೈಸೂರು ಅರಮನೆ ಚಿತ್ರದ್ದು, ಪೇಂಟ್ ಗೀರಬಾರದು ಅಂತ ಹಿಂದೆ ಟೇಪ್ ಅಂಟಿಸಿದ್ದ. ಬಾಗಿಲ ಮೇಲೆ ಇಟ್ಟ, ಟಕ್ ಅಂತ ಕಚ್ಕೊಂಡ್ತು. ವಿಂಗಿನ ಮೇಲೆ ಕಚ್ಕೊಂಡ್ತು. ಹಂಗೇ ಕೆಳಗೆ ಜಾರಿಸ್ತಾ ಚಕ್ರದ ಹಿಂದಿನ ಮೂಲೆಗೆ ತಂದ, ಅಲ್ಲಿ ಹಿಡಿತ ಸಡಿಲ ಆಯ್ತು, ಇನ್ನೊಂದು ಬೆರಳಗಲ ಕೆಳಗೆ ತಂದಾಗ ಅರಮನೆ ಸೀದಾ ಜಲ್ಲಿಗೆ ಬಿತ್ತು. ಮಾರೋ ಮುದುಕಪ್ಪ ಅದನ್ನ ನೋಡಿಯೂ ನೋಡದೋನ ಹಂಗೆ ಆಕಾಶ ನೋಡ್ತಾ ಈ ವರ್ಷ ಬೇಸಿಗೆ ಚೆನ್ನಾಗಿದೆ ಅಲ್ವಾ ಅಂದ.

ಆಮೇಲೆ ನಾವು ಜ್ಯಾಕ್ ಕೇಳಿದ್ವಿ. ಪಕ್ಕದ ಜ್ಯಾಕಿಂಗ್ ಪಾಯಿಂಟಿಂದ ಕಾರನ್ನ ಎತ್ತಿ, ಎತ್ತಿದ ಮೇಲೂ ಬಾಗಿಲು ಮೊದಲಿನ ಹಂಗೇ ತೆಗೆದು ಹಾಕೋಕೆ ಆಗುತ್ತಾ ನೋಡೋದು. ಸಿಲ್ ಸತ್ತಿದ್ರೆ ಬಾಡಿ ನಡುವಲ್ಲಿ ಬಗ್ಗಿ ಬಾಗಿಲ ಸಂದು ಬದಲಾಗುತ್ತೆ, ಬಾಗಿಲು ಕಚ್ಕೊಳ್ಳುತ್ತೆ. ಪೂರ್ತಿ ಪರೀಕ್ಷೆಯಲ್ಲಿ ನನಗೆ ಬಲು ನಂಬಿಕೆ ಇರೋದು ಇದೊಂದರ ಮೇಲೆ. ಅವನ ಹತ್ರ ಜ್ಯಾಕ್ ಇರಲಿಲ್ವಂತೆ. ಅರವತ್ತು ವರ್ಷದ ಕಾರು ಇಟ್ಕೊಂಡು ಮನೇಲಿ ಜ್ಯಾಕ್ ಇಲ್ಲ ಅನ್ನೋನ ಹತ್ರ ಇನ್ನೇನು ಮಾತು, ಟೀ ಕುಡಿದು ಬಂದ್ವಿ.

ಎಂಜಿನ್ ಕಡೆ ಬಂದ್ರೆ ಮೊದಲ ಕೆಲಸ ಬಾನೆಟ್ ಮೇಲೆ ಕೈ ಇಡೋದು. ಬೆಚ್ಚಗಿದ್ರೆ ನಾವು ಬರೋಕೆ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದಾರೆ, ತಣ್ಣಗಿರೋವಾಗ ಅದರ ಗುಣ ಏನು ಅಂತ ನಮಗೆ ಗೊತ್ತಾಗಬಾರದು ಅಂತ. ಕೀ ಅರ್ಧ ತಿರುಗಿಸಿದ್ರೆ ಹಿಂದಿನಿಂದ ಪೆಟ್ರೋಲ್ ಪಂಪು ಟಿಕ್ ಟಿಕ್ ಅನ್ನುತ್ತೆ, ಕಾರ್ಬೊರೇಟರ್ ತುಂಬಿದ ಮೇಲೆ ತಾನೇ ಸುಮ್ಮನಾಗಬೇಕು. ಬಡ್ಕೊಳ್ತಾನೇ ಇದ್ರೆ ಎಲ್ಲೋ ಸೋರ್ತಿದೆ, ಇಲ್ಲಾ ಟ್ಯಾಂಕಲ್ಲಿ ಪೆಟ್ರೋಲೇ ಇಲ್ಲ, ಎರಡನೇದೂ ನಾವು ನೋಡಿದೀವಿ. ಆಯಿಲ್ ಹಾಕೋ ಮುಚ್ಚಳದ ಒಳಗೆ ಬಿಳಿ ಜಿಡ್ಡು ಇದ್ರೆ, ನೀರು ಆಯಿಲ್ಲಿಗೆ ಸೇರದ ಹಂಗೆ ತಡೆಯೋ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ, ಆದ್ರೆ ಬರೀ ಅಂಗಡಿಗೆ ಹೋಗಿ ಬರೋ ಕಾರಲ್ಲಿ ತೇವಕ್ಕೂ ಹಂಗಾಗುತ್ತೆ, ಅದೊಂದನ್ನೇ ಹಿಡ್ಕೊಂಡು ಕೂಗಾಡೋಕೆ ಆಗಲ್ಲ. ಚೆನ್ನಾಗಿ ಬಿಸಿಯಾದ ಮೇಲೆ ಓಡೋವಾಗ ಆಯಿಲ್ ಪ್ರೆಶರ್ ಮುಳ್ಳು 50 ಪಿಎಸ್‌ಐ ಆಸುಪಾಸು ಇದ್ರೆ ನೆಮ್ಮದಿ. ಸೀಸ ಇರೋ ಪೆಟ್ರೋಲು ಇಲ್ಲಿ ಬಂಕಲ್ಲಿ ಸಿಗ್ತಿದ್ದಿದ್ದು 1999ರ ಕೊನೆ ತನಕ, ವಾಲ್ವ್ ಸೀಟು ಸವೆಯದ ಹಂಗೆ ಕಾಯ್ತಿದ್ದಿದ್ದು ಆ ಸೀಸನೇ, ಹಂಗಾಗಿ ಹೆಡ್ಡಿಗೆ ಗಟ್ಟಿ ವಾಲ್ವ್ ಸೀಟ್ ಹಾಕಿಸಿದೀರಾ ಅಂತ ಕೇಳಬೇಕು. ಹಾಕಿಸಿದೀನಿ ಅಂತ ಎಲ್ಲರೂ ಹೇಳ್ತಾರೆ, ಬಿಲ್ಲು ತೋರ್ಸೋರು ಕಮ್ಮಿ.

ಕಾಗದ ಪತ್ರದಲ್ಲಿ ಒಂದು ತಮಾಷೆ ಇದೆ. ಬ್ರಿಟನ್ನಲ್ಲಿ 40 ವರ್ಷ ದಾಟಿದ ಕಾರಿಗೆ ರೋಡ್ ಟ್ಯಾಕ್ಸ್ ಇಲ್ಲ, 2018ರಿಂದ ಕಾರು ರಸ್ತೆಗೆ ಯೋಗ್ಯನಾ ಅಂತ ನೋಡೋ ವರ್ಷ ವರ್ಷದ ಎಂಓಟಿ ಪರೀಕ್ಷೆನೂ ಕಡ್ಡಾಯ ಅಲ್ಲ, ತೀರಾ ಮಾರ್ಪಾಡು ಮಾಡಿರಬಾರದು ಅಷ್ಟೇ. ಅಂದ್ರೆ ತುಕ್ಕು ಹಿಡಿಯೋ ವಯಸ್ಸಿಗೆ ಬಂದ ಮೇಲೆನೇ ತುಕ್ಕು ನೋಡೋದು ನಿಲ್ಲಿಸಿದಾರೆ. ಆದ್ರೆ ಹಳೇ ಎಂಓಟಿ ದಾಖಲೆ ಆನ್‌ಲೈನಲ್ಲಿ ಇರುತ್ತೆ, ಕಾರಿನ ನಂಬರ್ ಹಾಕಿದ್ರೆ ಸಾಕು ಯಾರು ಬೇಕಾದ್ರೂ ನೋಡಬಹುದು, ಸಿಲ್ಲಲ್ಲಿ ತುಕ್ಕು ಅಂತ ಫೇಲ್ ಮಾಡಿ, ವಾರದಲ್ಲೇ ಪಾಸಾಗಿದ್ರೆ ಆ ವಾರದಲ್ಲಿ ಏನು ನಡೀತು ಅಂತ ಊಹಿಸೋಕೆ ಜಾಸ್ತಿ ಬುದ್ಧಿ ಬೇಕಾಗಿಲ್ಲ. ಮಾರೋರ ಮುಂದೆ ಕೂತು ಇದನ್ನ ಓದೋದು ಮರ್ಯಾದೆ ಅಲ್ಲ, ಕಾರಲ್ಲಿ ಕೂತು ಓದ್ಕೊಂಡು ಹೋಗಿ.

ಎಲ್ಲರೂ ಮೊದಲಿನ ಮಾಡೆಲ್ಲಿನ ಹೊಳೆಯೋ ಕ್ರೋಮ್ ಬಂಪರಿನ ಹಿಂದೆ ಬಿದ್ದಿರ್ತಾರೆ. 1974ರಲ್ಲಿ ಅಮೆರಿಕದ ಕಾನೂನಿಗೋಸ್ಕರ ಕಪ್ಪು ರಬ್ಬರ್ ಬಂಪರ್ ಹಾಕಿ ಕಾರನ್ನ ಇಂಚಿಗೂ ಮೇಲೆ ಎತ್ತರಿಸಿದ್ರು, ಅಭಿಮಾನಿಗಳು ಅದಕ್ಕೆ ಇವತ್ತಿಗೂ ಕ್ಷಮಿಸಿಲ್ಲ. ಅದಕ್ಕೇ ಅವು ಅಗ್ಗ. ನನ್ನ ಕೇಳಿದ್ರೆ ಗಟ್ಟಿ ಸಿಲ್ಲಿನ ರಬ್ಬರ್ ಬಂಪರ್ ಕಾರು ಕೊಳೆತ ಸಿಲ್ಲಿನ ಕ್ರೋಮ್ ಕಾರಿಗಿಂತ ನೂರು ಪಾಲು ವಾಸಿ, ಆದ್ರೆ ಯಾರೂ ನನ್ನ ಕೇಳಲ್ಲ.

ಚೌಕಾಸಿ ವಿಷಯಕ್ಕೆ ಬಂದ್ರೆ ನಮ್ಮ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ನೋಡಿದೋರು ಇಲ್ಲಿ ಗೆಲ್ತಾರೆ. ಹಲ್ಲು ಹಿಡಿದು ನೋಡಿ, ಸುಳಿ ನೋಡಿ, ನಡೆಸಿ ನೋಡಿ, ಮುಖದಲ್ಲಿ ಮಾತ್ರ ಏನೂ ತೋರಿಸದೆ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳೋ ಜನ ನಾವು. ಗೆಳೆಯ ಮುಂದೆ ಇನ್ನೊಂದು ಊರಲ್ಲಿ ಒಂದು ಹಸಿರು ಜಿಟಿ ನೋಡಿದ, ರಬ್ಬರ್ ಬಂಪರೇ, ಮ್ಯಾಗ್ನೆಟ್ ಎಲ್ಲೂ ಬೀಳಲಿಲ್ಲ, ಮಾರೋಳು ತಾನೇ ಜ್ಯಾಕ್ ತಂದುಕೊಟ್ಟು ತಾನೇ ಪಕ್ಕದಲ್ಲಿ ಮಂಡಿ ಊರಿದಳು. ಬಾಗಿಲು ಎತ್ತಿದಾಗಲೂ ಇಳಿಸಿದಾಗಲೂ ಒಂದೇ ಥರ ಹಾಕ್ಕೊಂಡ್ತು. ಸರಿ, ಬೆಲೆ ಇಳಿಸೋಕೆ ಒಂದು ಕಾರಣ ಬೇಕಲ್ಲ, ಕಾಲಿಡೋ ಜಾಗದ ಕಾರ್ಪೆಟ್ ಒತ್ತಿ ನೋಡಿ ಒದ್ದೆ ಇದೆಯಲ್ಲ ಮೇಡಂ, ಮಳೆ ಒಳಗೆ ಬರುತ್ತೆ ಅಂದ. ಹೌದು ಬರುತ್ತೆ, ಎಲ್ಲ ಎಂಜಿಬಿಲೂ ಬರುತ್ತೆ, ಬರದೇ ಇದ್ರೆ ನಾನು ಇನ್ನೂ ಜಾಸ್ತಿ ಕೇಳ್ತಿದ್ದೆ ಅಂದಳು. ಅವನು ಪೂರ್ತಿ ದುಡ್ಡು ಕೊಟ್ಟು ತಗೊಂಡ.