ಮಕ್ಕಳನ್ನು ವಿಂಗಡಿಸುವ ಬದಲು ಲೆಕ್ಕವನ್ನು ವಿಂಗಡಿಸಬಾರದೇ?

ಕಳೆದ ಡಿಸೆಂಬರ್‌ನಲ್ಲಿ ಚಿಂತಾಮಣಿಯ ನಮ್ಮ ಮನೆಗೆ ಹೋಗಿದ್ದಾಗ, ಹತ್ತನೇ ತರಗತಿಯಲ್ಲಿ ಓದುತ್ತಿರುವ ತಮ್ಮನ ಮಗಳು ಗಣಿತದ ಅಭ್ಯಾಸ ಮಾಡುತ್ತಿದ್ದಳು. ಅವಳ ಮುಂದಿದ್ದದ್ದು ಪಠ್ಯಪುಸ್ತಕವಲ್ಲ, ಜೆರಾಕ್ಸ್ ಮಾಡಿಸಿ ಪಿನ್ನು ಹೊಡೆದ ಒಂದು ತೆಳ್ಳನೆಯ ಕಟ್ಟು. ಅದರಲ್ಲಿ ತ್ರಿಕೋನಮಿತಿ ಕಾಣಲಿಲ್ಲವಲ್ಲ ಎಂದು ಕೇಳಿದೆ. "ಅದು ನಮಗಲ್ಲ ದೊಡ್ಡಪ್ಪ, ಮೊದಲನೇ ಗುಂಪಿನವರಿಗೆ. ನಮಗೆ ಪಾಸಿಂಗ್ ಪ್ಯಾಕೇಜ್ ಸಾಕು ಅಂದಿದ್ದಾರೆ" ಎಂದಳು. ಏಳನೇ ತರಗತಿಯವರೆಗೂ ಲೆಕ್ಕವೆಂದರೆ ಊಟ ಬಿಟ್ಟು ಕೂರುತ್ತಿದ್ದ ಹುಡುಗಿ ಅವಳು. ಅರ್ಧ ಗಣಿತ ತನ್ನದಲ್ಲವೆಂದು ಯಾರೋ ತೀರ್ಮಾನಿಸಿದ್ದರು, ಅವಳು ಅದನ್ನು ಒಪ್ಪಿಕೊಂಡೂ ಆಗಿತ್ತು.

ಪಾಸಿಂಗ್ ಪ್ಯಾಕೇಜ್ ಏನೆಂದು ನಮ್ಮ ಕಡೆಯವರಿಗೆ ನಾನು ವಿವರಿಸಬೇಕಾಗಿಲ್ಲ. ನಕ್ಷೆಯ ಲೆಕ್ಕಕ್ಕೆ ನಾಲ್ಕು ಅಂಕ, ಒಂದು ಪ್ರಮೇಯ, ಒಂದೆರಡು ಸೂತ್ರ. ಇಷ್ಟನ್ನು ನಿದ್ದೆಗಣ್ಣಿನಲ್ಲೂ ಬರೆಯುವಷ್ಟು ತಿದ್ದಿಸಿದರೆ ಮಗು ದಡ ಸೇರುತ್ತದೆ ಎಂಬುದು ಅದರ ನಂಬಿಕೆ. ನಕ್ಷೆಯ ಲೆಕ್ಕವನ್ನು ನನ್ನೆದುರಿಗೇ ಅವಳು ಬಿಡಿಸಿ ತೋರಿಸಿದಳು. ಕೋಷ್ಟಕ ಹಾಕಿ, ಬಿಂದುಗಳನ್ನು ಗುರುತಿಸಿ, ಎರಡು ಗೆರೆ ಎಳೆದು, ಅವು ಕೂಡುವ ಜಾಗಕ್ಕೆ ಸುತ್ತು ಹಾಕಿ, ಕೆಳಗೆ ಉತ್ತರ ಬರೆದಳು. ಎಲ್ಲವೂ ಸರಿಯಾಗಿತ್ತು, ಅಕ್ಷರವೂ ಮುದ್ದಾಗಿತ್ತು. ಆ ಎರಡು ಗೆರೆಗಳು ಕೂಡುವ ಬಿಂದುವೇ ಏಕೆ ಉತ್ತರವೆಂದು ಕೇಳಿದಾಗ, ಹಾಗೆ ಯಾರೂ ಕೇಳುವುದಿಲ್ಲವೆಂದಳು.

ಅದೇ ಪಾಠ ನಾವೀಗ ಇರುವ ಕೆನಡಾದ ಬ್ರಾಂಪ್ಟನ್‌ನಲ್ಲಿ ನನ್ನ ಮಗಳ ಒಂಬತ್ತನೇ ತರಗತಿಯಲ್ಲಿ ಹೇಗೆ ನಡೆಯಿತೆಂದು ನನಗೆ ಗೊತ್ತಿದ್ದರಿಂದಲೇ ಆ ಮಾತು ನನ್ನನ್ನು ಅಷ್ಟು ನೋಯಿಸಿತು. ಅಲ್ಲಿಯ ಶಿಕ್ಷಕಿ ಪ್ರಶ್ನೆಯನ್ನು ತಿರುಗಿಸಿ ಕೊಟ್ಟಿದ್ದರು. ಎರಡು ಸರಳರೇಖೆಗಳು ಎರಡು, ಐದು ಎಂಬ ಬಿಂದುವಿನಲ್ಲಿ ಸಂಧಿಸುತ್ತವೆ. ಆ ರೇಖೆಗಳು ಯಾವುವಿರಬಹುದು ಎಂಬುದಷ್ಟೇ ಪ್ರಶ್ನೆ. ಮಕ್ಕಳು ಮೂವರು ಮೂವರಾಗಿ ಗೋಡೆಯ ಬಿಳಿ ಹಲಗೆಗಳ ಮುಂದೆ ನಿಂತು ಬರೆಯಬೇಕು. ಬೀಜಗಣಿತವೆಂದರೆ ಹೆದರುವ ಹುಡುಗನೊಬ್ಬ ಆ ಬಿಂದುವಿನ ಮೂಲಕ ಒಂದು ಅಡ್ಡಗೆರೆ, ಒಂದು ಲಂಬಗೆರೆ ಎಳೆದು ಮುಗಿಸಿದನಂತೆ. ಅದೂ ಸರಿಯಾದ ಉತ್ತರವೇ. ನನ್ನ ಮಗಳ ಗುಂಪು, ವೈ ಎಂಬುದು ಎಕ್ಸ್‌ಗಿಂತ ಮೂರು ಹೆಚ್ಚು ಎಂದು ಒಂದು ಸಮೀಕರಣವನ್ನೂ, ಎಕ್ಸ್‌ನ ಎರಡರಷ್ಟಕ್ಕೆ ಒಂದು ಸೇರಿಸಿದ್ದು ಎಂದು ಇನ್ನೊಂದನ್ನೂ ಬರೆಯಿತು. ಮತ್ತೊಂದು ಗುಂಪು ಇಂಥ ರೇಖೆಗಳಿಗೆ ಲೆಕ್ಕವೇ ಇಲ್ಲವೆಂದು ಕಂಡುಕೊಂಡು, ಅವೆಲ್ಲವನ್ನೂ ಒಂದೇ ಸೂತ್ರದಲ್ಲಿ ಹಿಡಿಯಲು ಹೊರಟಿತು. ಕೊನೆಯಲ್ಲಿ ಮೂರೂ ಹಲಗೆಗಳನ್ನು ಇಡೀ ತರಗತಿ ನೋಡಿತು. ಹೆದರುವ ಹುಡುಗನ ಅಡ್ಡಗೆರೆಯನ್ನು ತೋರಿಸಿ, ಇದರ ಸಮೀಕರಣದಲ್ಲಿ ಎಕ್ಸ್ ಎಲ್ಲಿ ಹೋಯಿತು ಎಂದು ಶಿಕ್ಷಕಿ ಕೇಳಿದಾಗ, ಮುಂದೆ ಓಡಿದ್ದ ಮಕ್ಕಳೂ ನಿಂತು ಯೋಚಿಸಬೇಕಾಯಿತಂತೆ.

ಪೋಷಕರ ಸಭೆಯಲ್ಲಿ ನಾನು ಆ ಶಿಕ್ಷಕಿಯನ್ನು ಮಾತನಾಡಿಸಿದೆ. ನನ್ನ ಮಗಳು ಜಾಣರ ಗುಂಪಿನಲ್ಲಿದ್ದಾಳೋ ಇಲ್ಲವೋ ಎಂದು ತಿಳಿಯುವ ಆಸೆ ನನಗಿತ್ತು. ಕೋಲಾರ, ಚಿಕ್ಕಬಳ್ಳಾಪುರದ ತಂದೆತಾಯಿಗಳಿಗೆ ಆ ಪ್ರಶ್ನೆ ತಾನಾಗಿಯೇ ಬಾಯಿಗೆ ಬರುತ್ತದೆ. ಅಂಥ ಗುಂಪಿಲ್ಲ, ಗುಂಪುಗಳು ದಿನವೂ ಚೀಟಿ ಎತ್ತಿ ಬದಲಾಗುತ್ತವೆ, ಬೇರೆ ಬೇರೆಯಾಗಿರುವುದು ಪ್ರಶ್ನೆಯೊಳಗಿನ ಮೆಟ್ಟಿಲುಗಳು ಎಂದು ಅವರು ಹೇಳಿದರು. ಬ್ರಾಂಪ್ಟನ್ ಇರುವ ಒಂಟಾರಿಯೊ ಪ್ರಾಂತ್ಯವೂ ಮೊದಲಿನಿಂದ ಹೀಗಿರಲಿಲ್ಲ. ಎಂಟನೇ ತರಗತಿ ಮುಗಿಯುವಾಗಲೇ ಮಕ್ಕಳನ್ನು ಶಾಸ್ತ್ರೀಯ ಗಣಿತಕ್ಕೆ ಕೆಲವರು, ಅನ್ವಯಿಕ ಗಣಿತಕ್ಕೆ ಕೆಲವರು ಎಂದು ಬೇರ್ಪಡಿಸುತ್ತಿದ್ದರು. ಬಡವರ ಮಕ್ಕಳು, ಕಪ್ಪು ಜನಾಂಗದ ಮಕ್ಕಳು, ಮೂಲನಿವಾಸಿಗಳ ಮಕ್ಕಳು ಎರಡನೆಯ ಸಾಲಿನಲ್ಲೇ ಹೆಚ್ಚಾಗಿ ಸಿಗುತ್ತಿದ್ದರು. 2021ರ ಸೆಪ್ಟೆಂಬರ್‌ನಿಂದ ಒಂಬತ್ತನೇ ತರಗತಿಯ ಗಣಿತದಲ್ಲಿ ಆ ವಿಂಗಡಣೆಯನ್ನು ನಿಲ್ಲಿಸಿ, ಎಲ್ಲರಿಗೂ ಒಂದೇ ಪಠ್ಯಕ್ರಮ ತಂದರು. ಹಾಗೆ ಒಟ್ಟಿಗೆ ಕೂಡಿಸಿದ ಮೇಲೆ ಶಿಕ್ಷಕರಿಗೆ ಬೇರೆ ದಾರಿಯೇ ಇರಲಿಲ್ಲ, ಎಲ್ಲರಿಗೂ ಪ್ರವೇಶ ಸಿಗುವಂಥ ಚಟುವಟಿಕೆಗಳನ್ನು ಅವರು ರೂಪಿಸಲೇಬೇಕಾಯಿತು.

ನನಗೆ ದೊಡ್ಡದಾಗಿ ಕಾಣುವ ವ್ಯತ್ಯಾಸ ಇದೇ. ಮಕ್ಕಳು ಒಬ್ಬರಂತೆ ಒಬ್ಬರಿಲ್ಲ ಎಂಬುದು ನಮ್ಮ ಊರಿನ ಶಿಕ್ಷಕರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ನಾವು ಆ ಅರಿವನ್ನು ಹತ್ತನೇ ತರಗತಿಯ ಡಿಸೆಂಬರ್‌ವರೆಗೆ ಬಳಸುವುದೇ ಇಲ್ಲ. ಎಂಟು, ಒಂಬತ್ತನೇ ತರಗತಿಗಳಲ್ಲಿ ಭಾಗಾಕಾರ ಬಾರದ ಮಗುವಿಗೂ ಬಹುಪದೋಕ್ತಿಯನ್ನು ಸಲೀಸಾಗಿ ಅಪವರ್ತಿಸುವ ಮಗುವಿಗೂ ಕಪ್ಪುಹಲಗೆಯ ಮೇಲಿನ ಒಂದೇ ಉದಾಹರಣೆ, ಒಂದೇ ಅಭ್ಯಾಸ, ಒಂದೇ ವೇಗ. ಪರೀಕ್ಷೆ ಹತ್ತಿರವಾದಾಗ ಇದ್ದಕ್ಕಿದ್ದಂತೆ ಮಕ್ಕಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಇಡೀ ಪುಸ್ತಕವನ್ನೂ ಇನ್ನೊಂದಕ್ಕೆ ಜೆರಾಕ್ಸ್ ಕಟ್ಟನ್ನೂ ಕೊಡುತ್ತೇವೆ. ಮಗುವಿನ ಬಗ್ಗೆ ಒಂದು ಸಲ ತೀರ್ಪು ಕೊಟ್ಟು ಮುಗಿಸುವುದಕ್ಕೂ, ಪ್ರಶ್ನೆಯ ಬಗ್ಗೆ ಪ್ರತಿ ವಾರ ಹೊಸದಾಗಿ ಯೋಚಿಸುವುದಕ್ಕೂ ಇರುವ ಅಂತರವನ್ನು ನಮ್ಮ ಇಲಾಖೆ ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ.

ಇದಕ್ಕೆ ಬಿಳಿ ಹಲಗೆಯಾಗಲಿ, ಕೆನಡಾದ ಹಣವಾಗಲಿ ಬೇಕಾಗಿಲ್ಲ ಎಂಬುದನ್ನು ನಮ್ಮದೇ ಪಠ್ಯಪುಸ್ತಕದಿಂದ ತೋರಿಸಬಹುದು. ಹತ್ತನೇ ತರಗತಿಯ ಸಮಾಂತರ ಶ್ರೇಢಿಯ ಪಾಠದ ಮೊದಲ ಅಭ್ಯಾಸದಲ್ಲೇ ಬಾವಿ ತೋಡುವ ಲೆಕ್ಕವಿದೆ: ಮೊದಲ ಮೀಟರ್‌ಗೆ 150 ರೂಪಾಯಿ, ನಂತರದ ಪ್ರತಿ ಮೀಟರ್‌ಗೂ 50 ರೂಪಾಯಿ ಹೆಚ್ಚು; ಇದು ಸಮಾಂತರ ಶ್ರೇಢಿಯೇ, ಹೌದಾದರೆ ಏಕೆ? ಸಾವಿರ ಅಡಿ ದಾಟಿದರೂ ನೀರು ಕಾಣದ ನಮ್ಮ ತಾಲ್ಲೂಕುಗಳಲ್ಲಿ, ಇಷ್ಟು ಅಡಿಯ ಆಚೆಗೆ ಅಡಿಗೆ ಇಷ್ಟು ಹೆಚ್ಚು ಎಂದು ಬೋರ್‌ವೆಲ್ ಲಾರಿಯವರೊಡನೆ ಚೌಕಾಸಿ ಮಾಡುವ ಅಪ್ಪಂದಿರನ್ನು ನೋಡಿರುವ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಲೆಕ್ಕ ಇನ್ನೊಂದಿಲ್ಲ. ಆದರೂ ತರಗತಿಯಲ್ಲಿ ಅದಕ್ಕೆ 'ಹೌದು' ಎಂಬ ಉತ್ತರ ಬರೆಸಿ ಮುಂದೆ ಹೋಗುತ್ತಾರೆ.

ಅದೇ ಬಾವಿಯನ್ನು ಮೂರು ಬಗೆಯಲ್ಲಿ ಕೇಳಬಹುದು. ಐದನೇ ಮೀಟರ್‌ಗೆ ಎಷ್ಟು, ಐದು ಮೀಟರ್ ತೋಡಿಸಿದರೆ ಒಟ್ಟು ಎಷ್ಟು ಎಂಬುದು ಮೊದಲ ಬಗೆ. ಕೂಡುವುದು ಬಂದರೆ ಸಾಕು, 350 ಎಂದೂ 1,250 ಎಂದೂ ಉತ್ತರ ಸಿಗುತ್ತದೆ. ಇಪ್ಪತ್ತು ಮೀಟರ್‌ಗೆ ಒಟ್ಟು ಎಷ್ಟು ಎಂಬುದು ಎರಡನೆಯದು. ಒಂದೊಂದಾಗಿ ಕೂಡುತ್ತ ಹೋಗಿ ಬೇಸತ್ತ ಮಗು ಸೂತ್ರವನ್ನು ತಾನೇ ಹುಡುಕುತ್ತದೆ, 12,500 ಬರುತ್ತದೆ. ಕೈಯಲ್ಲಿ 7,500 ರೂಪಾಯಿ ಮಾತ್ರ ಇದ್ದರೆ ಎಷ್ಟು ಆಳ ತೋಡಿಸಬಹುದು ಎಂಬುದು ಮೂರನೆಯದು. ಅದು ವರ್ಗಸಮೀಕರಣಕ್ಕೆ ಕರೆದೊಯ್ಯುತ್ತದೆ. 15 ಮೀಟರ್ ಎಂಬ ಉತ್ತರದ ಜೊತೆಗೆ ಋಣ 20 ಎಂಬ ಇನ್ನೊಂದು ಮೂಲವೂ ಸಿಕ್ಕಿ, ಅದನ್ನು ಏಕೆ ಕೈಬಿಡಬೇಕೆಂದು ವಾದಿಸಬೇಕಾಗುತ್ತದೆ. ಯಾವ ಪ್ರಶ್ನೆಯಿಂದ ಆರಂಭಿಸಬೇಕೆಂಬುದನ್ನು ಮಗುವೇ ಆರಿಸಿಕೊಳ್ಳಲಿ. ಕೊನೆಯ ಹತ್ತು ನಿಮಿಷ ಎಲ್ಲರಿಗೂ ಸೇರಿದ ಒಂದೇ ಪ್ರಶ್ನೆ: ಮೀಟರ್‌ನ ದರ ಒಂದೇ ಸಮನೆ ಏರಿದರೆ ಒಟ್ಟು ಖರ್ಚೂ ಒಂದೇ ಸಮನೆ ಏರುತ್ತದೆಯೇ? ಮೊದಲ ಬಗೆಯ ಲೆಕ್ಕವನ್ನಷ್ಟೇ ಮಾಡಿದವರ ಬಳಿಯೂ ಈ ಚರ್ಚೆಗೆ ಬೇಕಾದ ಅಂಕಿಗಳಿರುತ್ತವೆ. ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡದಲ್ಲಿ ಓದುವ ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರದ ಎಷ್ಟೋ ಮಕ್ಕಳಿಗೆ ಒಂದೇ ಸನ್ನಿವೇಶದೊಳಗೆ ಇಡೀ ಪಿರಿಯಡ್ ನಿಲ್ಲುವುದರಿಂದ ಇನ್ನೊಂದು ಅನುಕೂಲವೂ ಇದೆ. ಪ್ರತಿ ಲೆಕ್ಕಕ್ಕೂ ಹೊಸ ಮಾತುಗಳನ್ನು ಬಿಡಿಸುವ ಶ್ರಮ ಅವರಿಗೆ ತಪ್ಪುತ್ತದೆ.

ಒಂದೇ ತರಗತಿಯಲ್ಲಿ ಮಕ್ಕಳ ಮಟ್ಟಕ್ಕೆ ತಕ್ಕಂತೆ ಕಲಿಸುವ ಈ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸದಲ್ಲ ಎಂಬುದು ನನ್ನ ಅಸಹನೆಯನ್ನು ಹೆಚ್ಚಿಸುತ್ತದೆ. ಚಿಂತಾಮಣಿಯಲ್ಲಿ ಬಸ್ಸು ಹತ್ತಿದರೆ ಸಿಗುವ ಆಂಧ್ರದ ಮದನಪಲ್ಲಿಯ ಬಳಿಯ ಋಷಿ ವ್ಯಾಲಿ ಶಾಲೆಯಲ್ಲಿ, ಸುತ್ತಲಿನ ಹಳ್ಳಿಗಳ ಪುಟ್ಟ ಶಾಲೆಗಳಿಗಾಗಿ ಏಣಿ ಮತ್ತು ಕಾರ್ಡುಗಳ ಕ್ರಮವನ್ನು ರೂಪಿಸಿದ್ದರು. ಅದನ್ನು ನೋಡಿ ಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ, ಪುಟ್ಟ ಮಕ್ಕಳು ಚಟುವಟಿಕೆಗಳ ಮೂಲಕ ತಮ್ಮದೇ ವೇಗದಲ್ಲಿ ಕಲಿಯುವ ನಲಿ-ಕಲಿಯನ್ನು ಆರಂಭಿಸಿದರು, ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಕಲಿಕಾ ಏಣಿ, ಮೈಲಿಗಲ್ಲು, ಗುಂಪು ತಟ್ಟೆ. ಶಿಕ್ಷಕರ ಪೂರ್ಣ ನೆರವು ಬೇಕಾದವರು ಒಂದೆಡೆ, ತಾವೇ ಕಲಿಯಬಲ್ಲವರು ಇನ್ನೊಂದೆಡೆ. ಆರು ವರ್ಷದ ಮಗುವಿಗೆ ತನ್ನ ವೇಗದಲ್ಲಿ ಏಣಿ ಹತ್ತುವ ಹಕ್ಕನ್ನು ಕೊಟ್ಟ ವ್ಯವಸ್ಥೆಯೇ, ಮೂರನೇ ತರಗತಿ ದಾಟಿದೊಡನೆ ಅದನ್ನು ಹಿಂದಕ್ಕೆ ಪಡೆಯುತ್ತದೆ. ಪ್ರೌಢಶಾಲೆಯಲ್ಲಿ ಉಳಿದಿರುವುದು, ಹಿಂದಿನ ತರಗತಿಯ ಕಲಿಕೆಯನ್ನು ತಿದ್ದಿಕೊಳ್ಳಲು ಜೂನ್ ತಿಂಗಳಲ್ಲಿ ನಡೆಸುವ ಸೇತುಬಂಧ ಮಾತ್ರ. ಯಾವ ಮಗುವಿಗೆ ಯಾವುದು ಬಾರದು ಎಂಬುದನ್ನು ಅದರ ಪೂರ್ವ ಪರೀಕ್ಷೆ ಚೆನ್ನಾಗಿಯೇ ಹೇಳುತ್ತದೆ, ಆ ಉತ್ತರಪತ್ರಿಕೆಗಳು ಕಡತ ಸೇರುತ್ತವೆ, ಜುಲೈನಲ್ಲಿ ಮೊದಲ ಪಾಠ ಆರಂಭವಾಗುತ್ತದೆ.

ಹೀಗೆ ಹೇಳಿದರೆ ಊರಿನ ಗೆಳೆಯರಾದ ಶಿಕ್ಷಕರು ಪೋರ್ಷನ್ ಮುಗಿಸುವುದು ಹೇಗೆ, ಜಿಲ್ಲೆಯ ಫಲಿತಾಂಶಕ್ಕೆ ಯಾರು ಹೊಣೆ ಎಂದು ಕೇಳುತ್ತಾರೆ. 2020ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಚಿಕ್ಕಬಳ್ಳಾಪುರ ರಾಜ್ಯಕ್ಕೇ ಮೊದಲ ಜಿಲ್ಲೆಯಾದಾಗ, ಬ್ರಾಂಪ್ಟನ್‌ನ ನಮ್ಮ ಮನೆಯಲ್ಲೂ ಹೋಳಿಗೆ ಮಾಡಿದ್ದೆವು. ಆ ಹೆಮ್ಮೆ ನನಗೆ ಇಂದಿಗೂ ಇದೆ. ಆದರೆ ಜಿಲ್ಲೆ ಎಷ್ಟನೇ ಸ್ಥಾನದಲ್ಲಿದೆ ಎಂಬ ಪ್ರಶ್ನೆಗೆ ಮಗು ಎಷ್ಟು ಗಣಿತವನ್ನು ಬಲ್ಲದು ಎಂಬ ಪ್ರಶ್ನೆಯನ್ನು ಒತ್ತೆಯಿಟ್ಟರೆ, ಪಿಯುಸಿಯಲ್ಲಿ ವಿಜ್ಞಾನವನ್ನು ಆರಿಸಿಕೊಳ್ಳುವ ಧೈರ್ಯ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಿಗೆ ಎಲ್ಲಿಂದ ಬರಬೇಕು?

ಕೆನಡಾದಲ್ಲಿ, ನಾನಿರುವ ಇಲ್ಲಿಯದೆಲ್ಲವೂ ಹೊನ್ನಲ್ಲ ಎಂಬುದನ್ನು ನಾನು ಒಪ್ಪಲೇಬೇಕು. ಪ್ರಾಂತ್ಯವೇ ನಡೆಸುವ ಒಂಬತ್ತನೇ ತರಗತಿಯ ಗಣಿತ ಪರೀಕ್ಷೆಯಲ್ಲಿ ನಿಗದಿತ ಮಟ್ಟ ಮುಟ್ಟುವವರ ಪ್ರಮಾಣ ಈವರೆಗೆ ನೂರಕ್ಕೆ ಐವತ್ತರಿಂದ ಅರವತ್ತರ ನಡುವೆಯೇ ಇದೆ. ತರಗತಿಯಲ್ಲಿ ಚರ್ಚೆ ಹೆಚ್ಚಾಗಿ ಅಭ್ಯಾಸ ಕಡಿಮೆಯಾಯಿತೆಂದು ದೂರುವ ಪೋಷಕರು ಸಂಜೆಯ ಟ್ಯೂಷನ್ ಕೇಂದ್ರಗಳ ಮುಂದೆ ಕಾರು ನಿಲ್ಲಿಸಿಕೊಂಡು ಕಾಯುತ್ತಾರೆ, ಅವರಲ್ಲಿ ಕನ್ನಡಿಗರೂ ಕಡಿಮೆಯೇನಿಲ್ಲ. ಮಗ್ಗಿಯ ವಿಷಯದಲ್ಲಂತೂ ತಮ್ಮನ ಮಗಳ ಮುಂದೆ ನನ್ನ ಮಗಳು ನಿಲ್ಲಲಾರಳು. ಹದಿನೇಳರ ಮಗ್ಗಿಯನ್ನು ಅವಳು ಹೇಳಿ ಮುಗಿಸುವಷ್ಟರಲ್ಲಿ ಇವಳು ಕ್ಯಾಲ್ಕ್ಯುಲೇಟರ್ ಹುಡುಕುತ್ತಿರುತ್ತಾಳೆ. ಇಲ್ಲಿಯ ಪಿರಿಯಡ್ ಒಂದೂಕಾಲು ಗಂಟೆಯದು, ನಮ್ಮಲ್ಲಿ ಮುಕ್ಕಾಲು ಗಂಟೆಯೂ ಪೂರ್ತಿ ಸಿಗುವುದಿಲ್ಲ. ಇಲ್ಲಿಯ ಶಿಕ್ಷಕಿಗೆ ಚುನಾವಣೆಯ ಕೆಲಸವಿಲ್ಲ, ಗಣತಿಯ ಕೆಲಸವಿಲ್ಲ, ಮೊಟ್ಟೆ ಹಂಚಿದ ಲೆಕ್ಕ ಬರೆಯುವ ಕೆಲಸವಿಲ್ಲ. ನಾನು ಬೈದ ಪಾಸಿಂಗ್ ಪ್ಯಾಕೇಜ್‌ನ ಬಲದಿಂದಲೇ ಹತ್ತನೇ ತರಗತಿ ದಾಟಿ, ಮದುವೆಯನ್ನು ಮುಂದೂಡಿಸಿಕೊಂಡು, ನರ್ಸಿಂಗ್ ಓದಿ ಕೆಲಸಕ್ಕೆ ಸೇರಿದ ಹುಡುಗಿಯರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರ ಮುಂದೆ ನಿಂತು ಆ ಕಟ್ಟನ್ನು ಸುಟ್ಟುಹಾಕಿ ಎಂದು ಹೇಳುವ ಮಾತು ನನ್ನ ಬಾಯಿಂದ ಬರಲಾರದು.

ಆದ್ದರಿಂದ ಹತ್ತನೇ ತರಗತಿಯ ಡಿಸೆಂಬರ್‌ನಲ್ಲಿ ಆ ಕಟ್ಟು ಇರಲಿ. ನಾನು ಕೇಳುತ್ತಿರುವುದು ಎಂಟನೇ ತರಗತಿಯ ಜೂನ್‌ನಿಂದ ವಾರಕ್ಕೆ ಒಂದು ಪಿರಿಯಡ್ ಮಾತ್ರ. ಸೇತುಬಂಧದ ಆ ಉತ್ತರಪತ್ರಿಕೆಗಳನ್ನು ಮೇಜಿನ ಮೇಲೆ ಇಟ್ಟುಕೊಂಡು, ಬಾವಿಯ ಲೆಕ್ಕದಂಥ ಒಂದು ಲೆಕ್ಕವನ್ನು ಮೂರು ಬಗೆಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು, ಆ ಒಂದು ಪಿರಿಯಡ್‌ನಲ್ಲಿ ಪೋರ್ಷನ್ ಎಷ್ಟಾಯಿತೆಂದು ಯಾರೂ ಕೇಳುವುದಿಲ್ಲವೆಂಬ ಭರವಸೆಯನ್ನು ಮುಖ್ಯ ಶಿಕ್ಷಕರಿಂದ ಕೊಡಿಸಿದರೆ, ಉಳಿದದ್ದನ್ನು ಮಾಡಬಲ್ಲ ಗಣಿತ ಶಿಕ್ಷಕರು ಚಿಂತಾಮಣಿಯಲ್ಲೂ ಶಿಡ್ಲಘಟ್ಟದಲ್ಲೂ ಈಗಲೇ ಇದ್ದಾರೆ.