ಮೂರನೆಯ ಕಾರಣ

ಬೆಳಗಿನ ಐದೂವರೆಗೆ ಫೋನ್ ರಿಂಗಾದರೆ ನಮ್ಮ ವಯಸ್ಸಿನವರು ಮೊದಲು ಯೋಚಿಸುವುದು ಯಾರು ಹೋದರು ಅಂತ. ಕನ್ನಡಕ ಕೈಗೆ ಸಿಗುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಮೂವರನ್ನು ಕಳಿಸಿಕೊಟ್ಟಾಗಿತ್ತು. ನೋಡಿದರೆ ಮಿನ್ನೆಸೋಟದಿಂದ ಅಕ್ಕನ ಮಗ.

"ಮಾವ, ಎದ್ದಿದ್ರಾ?"

"ಈಗ ಎದ್ದೆ."

"ನನ್ನ ಸ್ಪೈಡರ್ ಕೊಡುವಾ ಅಂತ ಉಂಟು ಮಾವ. ರೇಟೇ ಬರ್ತಾ ಇಲ್ಲ. ಎಲ್ಲ ಆ ರೈಕರ್ ಬಂದು ಹಾಳಾದದ್ದು. ಇನ್ನೂ ಇಳೀತದಾ, ಅಲ್ಲ ಇಷ್ಟರಲ್ಲೇ ನಿಲ್ತದಾ?"

ಸ್ಪೈಡರ್ ಅಂದರೆ ಅವನ ಮೂರು ಚಕ್ರದ ಮೋಟಾರ್ ಸೈಕಲ್, ರೈಕರ್ ಅಂದರೆ ಅದೇ ಕಂಪನಿಯ ಅಗ್ಗದ್ದು. ಬೆಲೆಯ ಮಾತನ್ನು ಅವನು ಅಲ್ಲಿಯೇ ಯಾರನ್ನಾದರೂ ಕೇಳಬಹುದಿತ್ತು. ಆ ದೇಶದಲ್ಲಿ ಹಳೆ ಗಾಡಿಗಳ ಬೆಲೆ ಹೇಳಲಿಕ್ಕೆಂದೇ 1926ರಿಂದ ಕೆಲ್ಲಿ ಬ್ಲೂ ಬುಕ್ ಅಂತ ಒಂದು ಉಂಟು. ನಮ್ಮಲ್ಲಿ ಆ ನೀಲಿ ಪುಸ್ತಕ ಇರುವುದು ಬ್ರೋಕರಿನ ಬಾಯಲ್ಲಿ, ಪುಟ ಮಗುಚುವವನೂ ಅವನೇ. ಆದರೂ ನನ್ನನ್ನೇ ಕೇಳಿದ್ದು ಯಾಕೆಂದರೆ ನಾನು ಇಪ್ಪತ್ತೆರಡು ವರ್ಷ ಬ್ಯಾಂಕಿನಲ್ಲಿ ವಾಹನ ಸಾಲದ ಮೇಜಿನ ಹಿಂದೆ ಕೂತವನು. ಐದು ಬ್ಯಾಂಕುಗಳನ್ನು ಹೆತ್ತ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ನಮ್ಮದು, ಮನೆಗೊಬ್ಬ ಬ್ಯಾಂಕಿನವ ಇದ್ದೇ ಇರುತ್ತಾನೆ. 2019, 2020ರಲ್ಲಿ ಆ ಐದರಲ್ಲಿ ಮೂರರ ಬೋರ್ಡು ಇಳಿಯಿತು. ನನ್ನದೂ ಆ ಮೂರರಲ್ಲೊಂದು. ಬೇರೆಯವರ ಸೆಕೆಂಡ್ ಹ್ಯಾಂಡ್ ಗಾಡಿಗಳಿಗೆ ಬೆಲೆ ಕಟ್ಟಿ ಕಟ್ಟಿ ಕೊನೆಗೆ ಬ್ಯಾಂಕೇ ಕೈಬದಲಾದದ್ದನ್ನು ನೋಡಿದವನು ನಾನು, ಹಾಗಾಗಿ ಈ ವಿಷಯದಲ್ಲಿ ಮಾತಾಡುವ ಅಧಿಕಾರ ನನಗೆ ಉಂಟು ಎಂದೇ ನನ್ನ ಅಭಿಪ್ರಾಯ.

"ಇಳಿಯುವುದಕ್ಕೂ ನಿಲ್ಲುವುದಕ್ಕೂ ಮೂರು ಕಾರಣ ಉಂಟು," ಅಂದೆ. "ಒಂದೊಂದೇ ಹೇಳ್ತೇನೆ, ಕೇಳು."

ಅವನ ಸ್ಪೈಡರ್ ಎಂಥದ್ದೆಂದು ನಾನು ವರ್ಣಿಸುವುದಿಲ್ಲ. ಅಕ್ಕ ಆ ಕೆಲಸ ಯಾವತ್ತೋ ಮುಗಿಸಿದ್ದಾಳೆ. ಅವನು ಫೋಟೋ ಕಳಿಸಿದ ದಿನ ಕುಂಜಿಬೆಟ್ಟಿನ ಅವಳ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು: "ಮಗ ಅಮೆರಿಕದಲ್ಲಿ ರಿಕ್ಷಾ ತೆಗೆದಿದ್ದಾನೆ. ಆದರೆ ಹಿಂದುಮುಂದಾಗಿ ಉಂಟು." ಎರಡು ಚಕ್ರ ಮುಂದೆ, ಒಂದು ಹಿಂದೆ. ಇದಕ್ಕಿಂತ ಸರಿಯಾಗಿ ಅದನ್ನು ಮಾಡಿದ ಕೆನಡಾದ ಬಿಆರ್‌ಪಿಯವರಿಗೂ ಹೇಳಲಿಕ್ಕಾಗದು. 2007ರಲ್ಲಿ ಅವರು ಸ್ಪೈಡರ್ ಇಳಿಸಿದರು. ಹನ್ನೊಂದು ವರ್ಷ ಅದನ್ನು ದೊಡ್ಡವರ ಆಟಿಕೆಯ ಬೆಲೆಯಲ್ಲಿ ಮಾರಿ, 2018ರಲ್ಲಿ 8,499 ಡಾಲರಿಗೆ ರೈಕರ್ ಅಂತ ತಮ್ಮನನ್ನು ತಂದರು. ಆಗಿನ ಲೆಕ್ಕದಲ್ಲಿ ಆರು ಲಕ್ಷ ರೂಪಾಯಿ ಚಿಲ್ಲರೆ, ಅಣ್ಣನ ಬೆಲೆಯ ಹತ್ತಿರ ಹತ್ತಿರ ಅರ್ಧ. ಅಳಿಯ ಹೊಸ ಸ್ಪೈಡರ್ ಕೊಂಡದ್ದು 2017ರಲ್ಲಿ. ಆ ಸಂಕಟ ನನಗೆ ಅರ್ಥವಾಗುತ್ತದೆ. ಮಿನ್ನೆಸೋಟದ ಹಿಮದಲ್ಲಿ ವರ್ಷದ ಅರ್ಧ ಅದು ಮುಸುಕು ಹೊದ್ದು ಗ್ಯಾರೇಜಿನಲ್ಲಿ ಮಲಗಿರುತ್ತದೆ ಎನ್ನುವುದು ಮಾತ್ರ ನನಗೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ರಿಕ್ಷಾ ಅರ್ಧ ದಿನ ಮಲಗಿದರೆ ಮನೆಯವರು ಜ್ವರವಾ ಅಂತ ಕೇಳುತ್ತಾರೆ.

"ಮೊದಲನೇ ಕಾರಣ," ಅಂದೆ. "ಅಗ್ಗದ ಗಾಡಿ ರಸ್ತೆಗೆ ಇಳಿಯುವ ಮೊದಲೇ ಅದರ ಸುದ್ದಿ ಬಂದು ಹಳೆಯದರ ಬೆಲೆ ತಿಂದಿರ್ತದೆ. ನನ್ನ ಏಟ್ ಹಂಡ್ರೆಡ್ಡಿನ ಕಥೆ ನಿನಗೆ ಗೊತ್ತುಂಟಲ್ಲ?"

"ಗೊತ್ತುಂಟು ಮಾವ," ಅಂದ. ನಾನು ಹೇಳಿದೆ.

1998ರ ಮಾಡೆಲ್, ಬಿಳಿ ಮಾರುತಿ 800. 2007ರ ಡಿಸೆಂಬರ್ ಮೊದಲ ವಾರ ಮಾರಾಟಕ್ಕೆ ಇಟ್ಟೆ. ಬ್ರೋಕರ್ ಒಬ್ಬ ಬ್ರಹ್ಮಾವರ ಕಡೆಯ ಮಾಸ್ಟ್ರನ್ನು ಕರೆದುಕೊಂಡು ಬಂದ. ಒಳ್ಳೆಯ ಮನುಷ್ಯ, ಕಾರಿನೊಳಗೆ ಕೂರುವಾಗ ಚಪ್ಪಲಿ ಹೊರಗೆ ಬಿಟ್ಟವರು. 85 ಸಾವಿರಕ್ಕೆ ಮಾತಾಯಿತು, ಸಾವಿರ ಅಡ್ವಾನ್ಸ್ ಕೊಟ್ಟರು. ಆದರೆ ಇನ್ನೇನು ಧನುರ್ಮಾಸ ಹಿಡಿಯುತ್ತದೆ, ವಾಹನ ಮನೆಗೆ ತರುವುದಿಲ್ಲ, ಸಂಕ್ರಾಂತಿ ಕಳೆದು ಮಾರನೆ ದಿನ ಪೂರ್ತಿ ದುಡ್ಡು ತರ್ತೇನೆ ಅಂದರು. ನಾನು ತಲೆಯಾಡಿಸಿದೆ. ಹೆಂಡತಿ ಆವತ್ತೇ ಹೇಳಿದ್ದಳು, ದೇವರಿಗಿಲ್ಲದ ಅವಸರ ನಿಮಗೂ ಬೇಡ, ಆದರೆ ದುಡ್ಡು ಮಾತ್ರ ಈಗಲೇ ತಗೊಳ್ಳಿ ಅಂತ. ಆ ವಾಕ್ಯದ ಎರಡನೇ ಅರ್ಧ ನಾನು ಕೇಳಿಸಿಕೊಳ್ಳಲಿಲ್ಲ.

2008ರ ಜನವರಿ 10, ಗುರುವಾರ. ದೆಹಲಿಯ ವಾಹನ ಪ್ರದರ್ಶನದಲ್ಲಿ ರತನ್ ಟಾಟಾ ನ್ಯಾನೋ ಕಾರನ್ನು ವೇದಿಕೆಗೆ ತಂದು ನಿಲ್ಲಿಸಿದರು. ಒಂದು ಲಕ್ಷ ರೂಪಾಯಿ. ಸಂಜೆ ಟೀವಿಯಲ್ಲಿ ನೋಡುತ್ತಾ ನಾನೂ ಚಪ್ಪಾಳೆ ತಟ್ಟಿದೆ, ದೇಶ ಮುಂದೆ ಹೋಯಿತು ಅಂತ. ಅಂಗಳದಲ್ಲಿ ನಿಂತಿದ್ದ ನನ್ನ ಕಾರು ಆ ಹೊತ್ತಿಗೇ ಹಿಂದೆ ಹೋಗಲು ಶುರುವಾಗಿತ್ತು.

ಜನವರಿ 16ಕ್ಕೆ ಮಾಸ್ಟ್ರು ಬಂದರು. ಎರಡೇ ದಿನದಲ್ಲಿ ಕೃಷ್ಣಮಠದ ಪರ್ಯಾಯ ಉತ್ಸವ, ಉಡುಪಿಗೆ ಉಡುಪಿಯೇ ಲೈಟು ಹಾಕಿಕೊಂಡು ನಿಂತಿತ್ತು, ನಮ್ಮ ಮನೆ ತುಂಬ ನೆಂಟರು. ಮಾಸ್ಟ್ರ ಜೊತೆ ಬ್ರೋಕರ್, ಬ್ರೋಕರಿನ ಜೊತೆ ಮಾಸ್ಟ್ರ ಭಾವ. ಈ ಭಾವನನ್ನು ಮೊದಲ ಸಲ ಕರೆತಂದಿರಲಿಲ್ಲ. ಮುಂಬಯಿಯಲ್ಲಿ ಗ್ಯಾರೇಜಿನಲ್ಲಿದ್ದವನಂತೆ. ಮಾತಿಲ್ಲ, ನಗುವಿಲ್ಲ. ಅಂಗಿಯ ಕಿಸೆಯಿಂದ ಹಳೇ ರೇಡಿಯೋ ಸ್ಪೀಕರಿನ ಮ್ಯಾಗ್ನೆಟ್ ಒಂದನ್ನು ತೆಗೆದ.

ಘಟ್ಟದ ಮೇಲಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಇಲ್ಲಿ ಮಳೆಗಿಂತ ದೊಡ್ಡ ಶತ್ರು ಉಪ್ಪುಗಾಳಿ. ಮಲ್ಪೆಯಿಂದ ಏಳುವ ಗಾಳಿ ಕಾರಿನ ಬಾಗಿಲಿನ ಕೆಳಗಂಚಿಗೆ ಹೋಗಿ ಕೂತರೆ ಒಳಗಿನಿಂದಲೇ ತುಕ್ಕು ಏಳುತ್ತದೆ. ಟಿಂಕರಿಂಗಿನವನು ತುಕ್ಕು ಉಜ್ಜಿ, ತೂತಿಗೆ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಹೊಡೆಯುತ್ತಾನೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ಮ್ಯಾಗ್ನೆಟ್ ತಗಡಿಗೆ ಅಂಟುತ್ತದೆ, ಪುಟ್ಟಿಗೆ ಅಂಟುವುದಿಲ್ಲ.

ಭಾವ ಬಾನೆಟ್ಟಿನಿಂದ ಶುರುಮಾಡಿದ. ಟಕ್. ಅಂಟಿತು. ಮಡ್‌ಗಾರ್ಡ್. ಟಕ್. ಮುಂದಿನ ಬಾಗಿಲು, ಟಕ್. ನೆಂಟರೆಲ್ಲ ಜಗಲಿಗೆ ಬಂದರು. ಹೊಸಬೆಟ್ಟಿನ ನನ್ನ ಚಿಕ್ಕಮ್ಮ, ಆಗಲೇ ಎಂಬತ್ತು ದಾಟಿದವರು, "ಅವ ಎಂತ ಡಾಕ್ಟರಾ?" ಅಂತ ಕೇಳಿದರು. ಹಿಂದಿನ ಎಡ ಬಾಗಿಲಿನ ಕೆಳಗೆ ಭಾವ ಕುಕ್ಕರುಗಾಲಲ್ಲಿ ಕೂತು ಮ್ಯಾಗ್ನೆಟ್ ಇಟ್ಟು ಕೈಬಿಟ್ಟ. ಅದು ಅಂಗಳದ ಸಿಮೆಂಟಿನ ಮೇಲೆ ಬಿದ್ದು ಉರುಳುತ್ತಾ ತುಳಸಿಕಟ್ಟೆಯವರೆಗೆ ಹೋಯಿತು. ಯಾರೂ ಮಾತಾಡಲಿಲ್ಲ. ಭಾವ ಎದ್ದು ಹೋಗಿ ಹೆಕ್ಕಿ ತಂದು, ನನ್ನನ್ನು ನೋಡದೆ, ಅದೇ ಜಾಗಕ್ಕೆ ಇನ್ನೊಮ್ಮೆ ಇಟ್ಟ. ಒಮ್ಮೆ ಬಿದ್ದದ್ದು ಸಾಲದೆ?

ಆ ಪುಟ್ಟಿ ಹಾಕಿಸಿದ್ದು ನಾನೇ, ಒಪ್ಪುತ್ತೇನೆ. ಅಂಗೈಯಗಲ ಇರಬಹುದು, ಹೆಚ್ಚಿಲ್ಲ. ಆದರೆ ಬ್ರೋಕರ್ ಪುಟ್ಟಿಯ ಮಾತೇ ಎತ್ತಲಿಲ್ಲ. ಕಿಸೆಯಿಂದ ನಾಲ್ಕಾಗಿ ಮಡಚಿದ ಪೇಪರ್ ತುಂಡು ತೆಗೆದ, ನ್ಯಾನೋದ ಫೋಟೋ. "ಸಾರ್, ಲಕ್ಷಕ್ಕೆ ಹೊಸ ಕಾರೇ ಬರುವಾಗ ಹತ್ತು ವರ್ಷದ್ದಕ್ಕೆ ಎಂಬತ್ತೈದು ಯಾರು ಕೊಡ್ತಾರೆ? ನೀವೇ ಬ್ಯಾಂಕಿನವರು, ನೀವೇ ಹೇಳಿ." ಡಿಸೆಂಬರಿನಲ್ಲಿ ಇದೇ ಬಾಯಿ "ಸಾರ್, ಏಟ್ ಹಂಡ್ರೆಡ್ ಅಂದ್ರೆ ಬಂಗಾರ" ಅಂದಿತ್ತು. ಎರಡೂ ಕಡೆಯಿಂದ ಕಮಿಷನ್ ತಿನ್ನುವವನು ಯಾವ ಕಡೆಯವನು ಅಂತ ಕೇಳಬಾರದು, ಗೊತ್ತು. ಆದರೂ ಆ ಪೇಪರ್ ತುಂಡನ್ನು ಅಷ್ಟು ನೀಟಾಗಿ ಮಡಚಿ ಇಟ್ಟುಕೊಂಡಿದ್ದನಲ್ಲ, ಅದನ್ನು ಇವತ್ತಿಗೂ ನನಗೆ ಕ್ಷಮಿಸಲಿಕ್ಕೆ ಆಗಿಲ್ಲ.

66 ಸಾವಿರಕ್ಕೆ ಕೊಟ್ಟೆ. ಸ್ಟೀರಿಯೋ ಸಮೇತ. ಕೊನೆಗಳಿಗೆಯಲ್ಲಿ ಭಾವ ಬಾಯಿಬಿಟ್ಟು, ಸೀಟಿನಡಿಯ ಹೊಸ ನಾರಿನ ಮ್ಯಾಟನ್ನೂ ಬಿಡಬೇಕು ಅಂದ. ಆ ಇಡೀ ದಿನ ಅವನು ಆಡಿದ ಮಾತು ಅದೊಂದೇ.

ಇನ್ನು ನ್ಯಾನೋ. ಆವತ್ತು ಅಂಗಳದಲ್ಲಿ ನನ್ನ ಕಾರಿನ ಮಾನ ಕಳೆದ ಆ ವಾಹನ ಆಗಿನ್ನೂ ಒಬ್ಬನೇ ಒಬ್ಬ ಗಿರಾಕಿಯ ಕೈ ಸೇರಿರಲಿಲ್ಲ. ಅಕ್ಟೋಬರಿನಲ್ಲಿ ಕಾರ್ಖಾನೆಯೇ ಬಂಗಾಳದ ಸಿಂಗೂರು ಬಿಟ್ಟು ಗುಜರಾತಿಗೆ ಹೊರಟಿತು. ಮೊದಲ ಕಾರು ಗಿರಾಕಿಗೆ ಸಿಕ್ಕಿದ್ದು 2009ರ ಜುಲೈಯಲ್ಲಿ. ಬುಕ್ ಮಾಡಿದವರು ಎರಡು ಲಕ್ಷಕ್ಕೂ ಮಿಕ್ಕಿ ಇದ್ದುದರಿಂದ ಚೀಟಿ ಎತ್ತಿ ಮೊದಲ ಲಕ್ಷ ಮಂದಿಯನ್ನು ಆರಿಸಬೇಕಾಯಿತು. ಆ ಬುಕ್ಕಿಂಗಿನ ಸಾಲದ ಅರ್ಜಿಗಳಲ್ಲಿ ಕೆಲವಕ್ಕೆ ನನ್ನ ಕೈಯಿಂದಲೇ ಸಹಿ ಬಿತ್ತು, ಅದು ಬೇರೆ ಮಾತು. ಒಂದೂವರೆ ವರ್ಷ ಇಲ್ಲದ ಕಾರೊಂದು ಇದ್ದ ಕಾರುಗಳ ಬೆಲೆ ತಿನ್ನುತ್ತಾ ಕೂತಿತ್ತು. ಆ ಒಂದೂವರೆ ವರ್ಷ ಮಾಸ್ಟ್ರು ನನ್ನ ಕಾರಿನಲ್ಲಿ ಶಾಲೆಗೆ ಹೋಗಿಬಂದರು. 2018ರ ಹೊತ್ತಿಗೆ ನ್ಯಾನೋ ತಯಾರಿ ನಿಂತೇ ಹೋಯಿತು. ನನ್ನ 800 ಅದಾದ ಮೇಲೂ ಒಮ್ಮೆ ಸಂತೆಕಟ್ಟೆಯಲ್ಲಿ, ಹಿಂದಿನ ಸೀಟು ಕಿತ್ತು ಬಾಳೆಗೊನೆ ತುಂಬಿಕೊಂಡು ಹೋಗುವುದನ್ನು ಕಂಡೆ. ಎಡ ಬಾಗಿಲಿನ ಪುಟ್ಟಿ ಹಾಗೇ ಗಟ್ಟಿ ಇತ್ತು.

"ಮಾವ," ಅಂದ ಅಳಿಯ, "ರೈಕರ್ ಇಲ್ಲದ ಗಾಡಿ ಅಲ್ಲ. ಬಂದು ಎಷ್ಟೋ ವರ್ಷ ಆಯ್ತು. ಪಕ್ಕದ ಮನೆಯವನೇ ತಗೊಂಡಿದ್ದಾನೆ."

"ಅಲ್ಲಿಗೇ ಬರ್ತಾ ಇದ್ದೇನೆ. ಎರಡನೇ ಕಾರಣ. ಅವನದಕ್ಕೆ ಹಿಂದೆ ಕೂರಲಿಕ್ಕೆ ಸೀಟುಂಟಾ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಮೊದಲು ಇರ್ಲಿಲ್ಲ. ಆಮೇಲೆ ಬೇರೆ ದುಡ್ಡು ಕೊಟ್ಟು ಹಾಕಿಸಿದ, ಹೆಂಡತಿ ಕೇಳಿದ್ಲು ಅಂತ."

ನೋಡಿ, ಅಗ್ಗದ ಗಾಡಿಯ ಹಣೆಬರಹವೇ ಅಷ್ಟು. ನ್ಯಾನೋಕ್ಕೆ ಒಂದೇ ವೈಪರ್, ಚಕ್ರಕ್ಕೆ ಮೂರೇ ನಟ್ಟು, ಆರುನೂರು ಚಿಲ್ಲರೆ ಸಿಸಿಯ ಎರಡು ಸಿಲಿಂಡರಿನ ಎಂಜಿನ್. ರೈಕರಿನ ಚಿಕ್ಕದಕ್ಕೂ ಆರುನೂರು ಸಿಸಿ, ಎರಡೇ ಸಿಲಿಂಡರ್. ಗೇರು ಹಾಕುವ ರಗಳೆ ಇಲ್ಲ, ನನ್ನ ಹೆಂಡತಿಯ ಸ್ಕೂಟರಿನ ಹಾಗೆ ಬೆಲ್ಟು. ಕಡಿಮೆ ಬೆಲೆ ನೋಡಿ ಒಳಗೆ ಬಂದವನು ಒಂದೊಂದೇ ಹಾಕಿಸುತ್ತಾ ಹೋಗಿ, ಎರಡು ವರ್ಷಕ್ಕೆ ಇದಕ್ಕಿಂತ ಅಣ್ಣನನ್ನೇ ತಗೊಳ್ಳಬಹುದಿತ್ತು ಅಂತ ಲೆಕ್ಕ ಹಾಕುತ್ತಾನೆ. ಆಗ ಅವನು ಬರಬೇಕಾದದ್ದು ಹಳೆ ಸ್ಪೈಡರಿನ ಬಾಗಿಲಿಗೆ. ಅಂದರೆ ಮೂರು ಚಕ್ರ ತನಗಲ್ಲ ಅನ್ನುತ್ತಿದ್ದವರಿಗೆಲ್ಲ ಈ ರೈಕರ್ ರುಚಿ ಹತ್ತಿಸಿದೆ, ಅವರಲ್ಲಿ ಕೆಲವರಾದರೂ ನಿನ್ನ ಗಿರಾಕಿಗಳು ಅಂದೆ.

"ಹಾಗಾದ್ರೆ ರೇಟು ಏರ್ತದಾ?"

"ಏರ್ತದೆ ಅಂತ ನಾನು ಹೇಳಲಿಲ್ಲ."

ಹೊಸ ಬೆಲೆ ಹಳೆಯದನ್ನು ಎಳೆದು ಬೀಳಿಸಲೇಬೇಕು ಅಂತಲೂ ಇಲ್ಲ. ಬಜಾಜ್ ಚೇತಕ್‌ಗೆ ವರ್ಷಗಟ್ಟಲೆ ಸರದಿ ಇದ್ದ ಕಾಲದಲ್ಲಿ ಓಡಿಸಿದ ಸ್ಕೂಟರಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಇತ್ತು, ಯಾಕೆಂದರೆ ಅದು ಕಣ್ಣೆದುರು ಇತ್ತು. ನಮ್ಮ ಹಳೆ ರಿಕ್ಷಾಗಳದ್ದು ಇನ್ನೊಂದೇ ಕಥೆ. ಮಂಗಳೂರಿನ ಸಿಟಿ ಪರ್ಮಿಟ್ ಇರುವ ರಿಕ್ಷಾ ಕೈಬದಲಾಗುವಾಗ ಗಾಡಿಗೆ ಬೆಲೆ ಕಟ್ಟುವವರಿಲ್ಲ, ಬೆಲೆ ಇರುವುದು ಪರ್ಮಿಟ್ಟಿಗೆ. 2018ರಲ್ಲಿ ಕೇಂದ್ರದವರು ಬ್ಯಾಟರಿ ರಿಕ್ಷಾಕ್ಕೆ ಪರ್ಮಿಟ್ಟೇ ಬೇಡ ಅಂದುಬಿಟ್ಟರು. ಆಮೇಲೆ ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿನಲ್ಲಿ ರಿಕ್ಷಾದವರ ಮುಖ ನೋಡಿದ್ದರೆ ಅಳಿಯನಿಗೆ ತನ್ನ ದುಃಖ ಸಣ್ಣದು ಅನ್ನಿಸುತ್ತಿತ್ತು. ಅವರಿಗೆ ಅದು ಹೊಟ್ಟೆಪಾಡು. ಇವನಿಗೆ ಭಾನುವಾರದ ಸವಾರಿ. ಇದನ್ನು ಅವನಿಗೆ ಹೇಳಲಿಕ್ಕೆ ಬಾಯಿ ತೆರೆದೆ, ಹೆಂಡತಿ ಒಳಗಿನಿಂದ "ಕಾಫಿ ತಣ್ಣಗಾಯ್ತು, ಮ್ಯಾಗ್ನೆಟ್ಟಿನ ಕಥೆ ಮುಗೀತಾ ಇಲ್ವಾ?" ಅಂತ ಕೂಗಿದಳು. ಮುಗಿದಿತ್ತು. ಅವಳಿಗೆ ಆ ಕಥೆಯ ಮೇಲೆ ಸಿಟ್ಟಿಲ್ಲ, ಸ್ಟೀರಿಯೋದ ಮೇಲೆ ಉಂಟು.

"ಮೂರನೇದು ಬೇಗ ಹೇಳಿ ಮಾವ. ನೋಡಲಿಕ್ಕೆ ಒಬ್ಬ ಬರ್ತಾನೆ ಈಗ, ಅವನಿಗೆ ಏನು ರೇಟು ಹೇಳಲಿ?"

"ಒಬ್ಬನೇ ಬರ್ತಾನಾ, ಯಾರನ್ನಾದರೂ ಕರ್ಕೊಂಡು ಬರ್ತಾನಾ?"

"ತಮ್ಮನನ್ನು ಕರ್ಕೊಂಡು ಬರ್ತೇನೆ ಅಂದ."

ನನಗೆ ಅಂಗಳ, ತುಳಸಿಕಟ್ಟೆ, ಉರುಳುವ ಮ್ಯಾಗ್ನೆಟ್ ಎಲ್ಲ ಒಟ್ಟಿಗೆ ಕಂಡಿತು. "ನೋಡು," ಅಂದೆ, "ನಿನ್ನ ಗಾಡಿಯ ಮೈಗೆ ಮ್ಯಾಗ್ನೆಟ್ ಹಿಡಿದರೆ ಅಂಟ್ತದಾ?"

"ಎಲ್ಲಿ ಮಾವ, ಹೊರಗಡೆ ಎಲ್ಲ ಪ್ಲಾಸ್ಟಿಕ್ಕೇ."

"ಪೂರ್ತಿಯಾ?"

"ಪೂರ್ತಿ."

"ಹಾಗಾದ್ರೆ ಹೆದರಬೇಡ," ಅಂದೆ. "ಮ್ಯಾಟ್ ಮಾತ್ರ ಮೊದಲೇ ತೆಗೆದಿಡು."

ಮೂರು ಚಕ್ರದ ಮೋಟಾರ್ ಸೈಕಲ್ಲಿಗೆ ಮ್ಯಾಟ್ ಇರುವುದಿಲ್ಲ ಅಂತ ಅವನು ಹೇಳುವಷ್ಟರಲ್ಲಿ ನಾನು ಫೋನಿಟ್ಟಿದ್ದೆ.